ಪೇಟಿ ಗುರುಗಳ ಹುಡುಗರು

ನಮ್ಮ ಕಾಲದ ಗ್ಯಾದರಿಂಗ್‌ನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಸ್ಪೀಕರ್‌ಗೆ ಹಾಡು ಹಾಕಿ ಕುಣಿಯುವ ಪದ್ಧತಿ ಇರಲಿಲ್ಲ. ಹಾಡು ಅಂದರೆ ಪೇಟಿ (ಹಾರ್ಮೋನಿಯಂ), ತಬಲಾ, ನಮ್ಮ ಗಂಟಲು, ಅಷ್ಟೇ. ಆ ಪೇಟಿಯ ಹಿಂದೆ ಕೂತಿರುತ್ತಿದ್ದವರು ನಮ್ಮ ಸಂಗೀತದ ಗುರುಗಳು. ಇಡೀ ಶಾಲೆಗೆ ಅವರು ‘ಪೇಟಿ ಗುರುಗಳು’. ಕಳೆದ ವರ್ಷ ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೆ 1979ರ ಎಸ್ಸೆಸ್ಸೆಲ್ಸಿ ಬ್ಯಾಚಿನಿಂದ ನಾವು ಐದು ಜನ ಬಂದಿದ್ದೆವು. ಭಾಷಣಗಳು ಸಾಕಷ್ಟು ಉದ್ದ ಇದ್ದವು. ಒಬ್ಬರೂ ಹಾಡಲಿಲ್ಲ. ಹೊರಗೆ ಚಹಾ ಕುಡಿಯುವಾಗ ನಮ್ಮ ತಬಲಾದವನು ಸಿಡಿದ: ‘ಗುರುಗಳ ಸಭಾದಾಗ ಒಂದು ಹಾಡಿಲ್ಲ ಅಂದ್ರ ಏನ್ರೋ ಇದು?’ ನಮ್ಮ ಬ್ಯಾಂಡ್ ಹುಟ್ಟಿದ್ದು ಆ ಸಿಟ್ಟಿನಲ್ಲಿ.

ಗುರುಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಬೆಳೆಸಿದ್ದು. ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಅಲ್ಲಿ ಊಟವೂ ಸಿಗುತ್ತಿತ್ತು, ಸಂಗೀತವೂ ಸಿಗುತ್ತಿತ್ತು. ನಮ್ಮ ಗುರುಗಳಿಗೆ ಕಣ್ಣು ಚೆನ್ನಾಗಿತ್ತು. ಬಡತನವೂ ಚೆನ್ನಾಗಿಯೇ ಇತ್ತು. ಅಲ್ಲಿಂದ ಕಂಪನಿ ನಾಟಕಗಳಿಗೆ ಪೇಟಿ ಬಾರಿಸಲು ಹೋಗಿ, ಊರೂರು ತಿರುಗಿ, ಕೊನೆಗೆ ಧಾರವಾಡದ ನಮ್ಮ ಶಾಲೆಗೆ ಬಂದರು.

ಕಂಪನಿ ನಾಟಕದಲ್ಲಿ ಪೇಟಿ ಮಾಸ್ತರ ಕೂರುವುದು ರಂಗದ ಮುಂದೆ, ಕೆಳಗೆ. ಮೇಲೆ ಒಬ್ಬ ನಟ ಕರಿ ಒಂದರಲ್ಲಿ (ಪೇಟಿಯ ಮೊದಲ ಕರಿ ಪಟ್ಟಿಯ ಸ್ವರವನ್ನೇ ‘ಸ’ ಮಾಡಿಕೊಂಡು) ಹಾಡುತ್ತಾನೆ, ಅವನ ಬೆನ್ನಿಗೇ ನಟಿ ಕರಿ ನಾಲ್ಕರಲ್ಲಿ ಎತ್ತುತ್ತಾಳೆ. ನಿನ್ನೆ ಸರಿ ಇದ್ದ ಗಂಟಲು ಇವತ್ತು ಕಟ್ಟಿರುತ್ತದೆ. ಪೇಟಿ ನಿಲ್ಲುವ ಹಾಗಿಲ್ಲ. ಗುರುಗಳು ನಮಗೆ ಸಾವಿರ ಸಲ ಹೇಳಿದ ಮಾತು ಇದೇ: ‘ಹಾಡಾವ ಎಲ್ಲಿ ಹೊಕ್ಕಾನ, ಪೇಟಿ ಅಲ್ಲಿಗೆ ಹೋಗಬೇಕು.’

ರೇಡಿಯೋ ಮೇಲೆ ಅವರಿಗೆ ಒಂದು ಹಳೇ ಸಿಟ್ಟಿತ್ತು. 1940ರಲ್ಲಿ ರೇಡಿಯೋದವರು ಹಾರ್ಮೋನಿಯಂ ಅನ್ನೇ ಹೊರಗಿಟ್ಟಿದ್ದರು. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬರೋದಿಲ್ಲ, ನಮ್ಮ ಶ್ರುತಿಗಳಿಗೆ ಒಗ್ಗೋದಿಲ್ಲ, ಪರದೇಶದ ಪೆಟ್ಟಿಗೆ ಅಂತ. ಮೂವತ್ತು ವರ್ಷ ದಾಟಿದ ಮೇಲೆ, 1970ರ ದಶಕದ ಶುರುವಿನಲ್ಲಿ ಆ ನಿಷೇಧ ಸಡಿಲವಾಯಿತು. ‘ನನ್ನ ವಯಸ್ಸೆಲ್ಲಾ ಮುಗಿದ ಮ್ಯಾಲೆ ಬಾಗಲಾ ತೆಗದ್ರು’ ಅನ್ನುತ್ತಿದ್ದರು. ಅದೇ ರೇಡಿಯೋದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಹಾಡಿದರೆ ಮಾತ್ರ ಎಲ್ಲಾ ಮಾಫಿ.

ಈಗ ಕಡ್ಡಿಯ ಕಥೆಗೆ ಬರುತ್ತೇನೆ. ಹತ್ತನೆಯ ಇಯತ್ತೆಯ ಗ್ಯಾದರಿಂಗ್. ಈಗ ನಮ್ಮ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುವ ಮಹಾಶಯ ಹಿಂದಿನ ದಿನ ಸಂಜೆ ಪೇಟಿಯ ಮೇಲಿನ ಹಲಗೆ ಬಿಚ್ಚಿ, ಬಿಳಿ ಐದರ ಪಟ್ಟಿಯ ಹಿಂತುದಿಗೆ ಬೆಂಕಿಕಡ್ಡಿಯ ಚೂರು ಸಿಕ್ಕಿಸಿದ್ದ. ಪಟ್ಟಿ ಒತ್ತಿದರೆ ಹಿಂದಿನ ಮುಚ್ಚಳ ಏಳಬೇಕು, ಗಾಳಿ ರೀಡಿನ ಮೇಲೆ ಹಾಯಬೇಕು, ಆಗ ಸ್ವರ ಬರುತ್ತದೆ. ಮುಚ್ಚಳ ಮುಚ್ಚದೇ ಉಳಿದರೆ? ಬಾತೆ (ಗಾಳಿ ಹಾಕುವ ತಿದಿ) ಒತ್ತಿದಷ್ಟು ಹೊತ್ತೂ ಆ ಒಂದು ಸ್ವರ ಕೂಗುತ್ತಲೇ ಇರುತ್ತದೆ.

ಸ್ವಾಗತ ಗೀತೆ ಶುರುವಾಗಬೇಕು. ಮುಖ್ಯ ಅತಿಥಿಗಳು ಶಾಲು ಸರಿಮಾಡಿಕೊಂಡು ಕೂತರು. ಗುರುಗಳು ಬಾತೆ ಒತ್ತಿದರು. ಪೇಟಿ ‘ಗುಂಯ್’ ಅಂತು. ನಾವು ಹುಡುಗರು ತುಟಿ ಕಚ್ಚಿ ನಿಂತೆವು. ಗುರುಗಳು ಪೇಟಿ ಬಿಚ್ಚಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಎರಡು ಸಲ ಸುಮ್ನೆ ಬಾತೆ ಒತ್ತಿ ಆ ಸ್ವರ ಕೇಳಿದರು. ಆಮೇಲೆ ಅದನ್ನೇ ಷಡ್ಜ ಮಾಡಿಕೊಂಡು ಇಡೀ ಹಾಡನ್ನು ಬಿಳಿ ಐದಕ್ಕೆ ಎತ್ತಿಬಿಟ್ಟರು! ನಾವು ಅಭ್ಯಾಸ ಮಾಡಿದ್ದು ಅದಕ್ಕಿಂತ ಕೆಳಗಿನ ಕರಿ ಎರಡರಲ್ಲಿ. ಪಲ್ಲವಿ ಹೇಗೋ ದಾಟಿತು. ಚರಣ ಮೇಲಕ್ಕೆ ಹೋದಾಗ ಕಡ್ಡಿ ಇಟ್ಟವನ ಕತ್ತಿನ ನರ ಹಗ್ಗದ ಹಾಗೆ ಉಬ್ಬಿತ್ತು. ಕೂಗುವ ಸ್ವರ ತಂಬೂರಿ ಹಿಡಿದಷ್ಟು ಚೆಂದ ಕೇಳುತ್ತಿತ್ತು. ಅತಿಥಿಗಳು ತಲೆದೂಗಿದರು.

ಮರುದಿನ ಕ್ಲಾಸಿನಲ್ಲಿ ಗುರುಗಳು ಕಡ್ಡಿ ಚೂರನ್ನು ಮೇಜಿನ ಮೇಲಿಟ್ಟು ಹೇಳಿದ್ದು ಇಷ್ಟೇ: ‘ಇಟ್ಟಾವ ಯಾರೋ ಗೊತ್ತಿಲ್ಲ. ಮುಂದಿನ ಸಲ ಬಿಳಿ ನಾಕಕ್ಕ ಇಡ್ರಪಾ, ಗಂಟಲಾ ಉಳೀತಾವ.’

ಗಣಿತದ ಮಾಸ್ತರರನ್ನೂ ಮರೆಯುವ ಹಾಗಿಲ್ಲ. ತಬಲಾದವನು ಅವರ ಪೀರಿಯಡ್ಡಿನಲ್ಲಿ ಬೆಂಚು ಬಾರಿಸಿ ಸಿಕ್ಕಿಬಿದ್ದ. ಬೆತ್ತ ಬೀಳುತ್ತೆ ಅಂತ ಕೈ ಚಾಚಿದ. ‘ಎಷ್ಟು ಮಾತ್ರಾ ಅದು?’ ಅಂತ ಕೇಳಿದರು. ಝಪತಾಲ, ಹತ್ತು ಮಾತ್ರೆ, 2-3-2-3. ಬೋರ್ಡಿನ ಮೇಲೆ ಬರೆಸಿದರು, ಬಾಯಲ್ಲಿ ಹೇಳಿಸಿದರು, ಆಮೇಲೆ ಬೆತ್ತದ ಏಟನ್ನೂ ಅದೇ ಲೆಕ್ಕದಲ್ಲಿ ಕೊಟ್ಟರು. ಬೀಜಗಣಿತ ಏನು ಕಲಿಸಿದರೋ ದೇವರಿಗೇ ಗೊತ್ತು.

ಇರಲಿ, ಬ್ಯಾಂಡಿನ ವಿಷಯ. ಭಾನುವಾರ ಬೆಳಿಗ್ಗೆ ಸಪ್ತಾಪುರದ ಒಂದು ಮನೆಯ ಮಹಡಿ ಕೋಣೆಯಲ್ಲಿ ಸೇರುತ್ತೇವೆ. ತಬಲಾದವನಿಗೆ ಮಂಡಿ ನೋವು, ನೆಲಕ್ಕೆ ಕೂರಲಾಗದು. ತಬಲಾ ಟೀಪಾಯಿ ಮೇಲೆ ಏರಿದೆ. ಡಾಕ್ಟರ್ ಹಾಡುತ್ತಾನೆ. ಪುಣೆಯಿಂದ ರಿಟೈರ್ ಆಗಿ ಬಂದ ಕಡ್ಡಿ ಮಹಾಶಯ ಕೀಬೋರ್ಡ್. ಬ್ಯಾಂಕಿನವನು ಅರವತ್ತಕ್ಕೆ ಗಿಟಾರ್ ಶುರು ಮಾಡಿದ್ದಾನೆ, ಅವನ ಬಗ್ಗೆ ಜಾಸ್ತಿ ಹೇಳೋದು ಬೇಡ. ನಾನು ಪೇಟಿ. ಹೆಸರು ಇನ್ನೂ ಇಟ್ಟಿಲ್ಲ, ಅದರ ಮೇಲೆ ಜಗಳ ನಡೆದಿದೆ. ಅಭ್ಯಾಸಕ್ಕಿಂತ ಗಿರ್ಮಿಟ್, ಮಿರ್ಚಿ ಭಜಿಗೆ ಹೆಚ್ಚು ಹೊತ್ತು ಹೋಗುತ್ತದೆ ಅಂತ ಮನೆಯವರ ದೂರು. ನಿಜವೇ.

ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಅಂತ ಒಂದು ಗುಂಡಿ ಇದೆ. ಒತ್ತಿದರೆ ಇಡೀ ಶ್ರುತಿ ಮೇಲೆ ಕೆಳಗೆ ಸರಿಯುತ್ತದೆ, ಬೆರಳು ಇದ್ದಲ್ಲೇ ಇರಬಹುದು. ವಯಸ್ಸಾದ ಗಂಟಲುಗಳಿಗೆ ವರವೇ ಸರಿ. ಆದರೆ ನಮ್ಮ ಕಾಲೋನಿಯ ಗಣೇಶನ ಮುಂದೆ ಮೊದಲ ಕಾರ್ಯಕ್ರಮ ಕೊಟ್ಟಾಗ ಎರಡನೇ ಹಾಡಿಗೇ ಕರೆಂಟು ಹೋಯಿತು. ಕೀಬೋರ್ಡ್ ಸತ್ತಿತು, ಗಿಟಾರೂ ಸತ್ತಿತು (ಅದೊಂದು ಒಳ್ಳೆಯದಾಯಿತು). ಡಾಕ್ಟರ್ ಮಾತ್ರ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದ, ಹಾಡುತ್ತಾ ಹಾಡುತ್ತಾ ಅರ್ಧ ಸ್ವರ ಮೇಲೆ ಹತ್ತಿಬಿಟ್ಟಿದ್ದ. ನಾನು ಪೇಟಿ ತೆಗೆದುಕೊಂಡು ಅವನ ಹಿಂದೆಯೇ ಹೋದೆ, ಕರಿ ಒಂದರಿಂದ ಬಿಳಿ ಎರಡಕ್ಕೆ. ಮುಂದೆ ಕೂತಿದ್ದವರಿಗೆ ಗೊತ್ತೇ ಆಗಲಿಲ್ಲ. ‘ಗುರುಗಳ ಕೈ ನಿನಗೆ ಬಂದದ ನೋಡು’ ಅಂತ ತಬಲಾದವನು ಅಂದ. ನಾನು ಇಲ್ಲ ಅನ್ನಲಿಲ್ಲ.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಈಗಿನ ಎಷ್ಟೋ ಶಾಲೆಗಳಲ್ಲಿ ಸಂಗೀತದ ಪೀರಿಯಡ್ ಟೈಮ್‌ಟೇಬಲ್‌ನಲ್ಲಿ ಇರುತ್ತದೆ, ಪರೀಕ್ಷೆ ಹತ್ತಿರ ಬಂದರೆ ವಿಜ್ಞಾನದವರು ತಗೊಂಡು ಹೋಗುತ್ತಾರೆ. ಗ್ಯಾದರಿಂಗ್‌ಗೆ ರೆಡಿ ಟ್ರ್ಯಾಕ್ ಬರುತ್ತದೆ. ಟ್ರ್ಯಾಕ್ ಯಾವ ಮಗುವಿಗೂ ಕಾಯೋದಿಲ್ಲ. ಮಗುವೇ ಅದರ ಹಿಂದೆ ಓಡಬೇಕು. ನನ್ನ ಮೊಮ್ಮಗಳು ಹಾಗೆ ಓಡಿ ಏದುಸಿರು ಬಿಟ್ಟದ್ದನ್ನು ನೋಡಿ ಬಂದಿದ್ದೇನೆ.

ಅದಕ್ಕೇ ಈ ವರ್ಷದ ಗ್ಯಾದರಿಂಗ್‌ನಲ್ಲಿ ಮಕ್ಕಳ ಸ್ವಾಗತ ಗೀತೆಗೆ ನಾವೇ ಬಾರಿಸುತ್ತೇವೆ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿದ್ದೇವೆ. ಆಮೇಲೆ ನಮ್ಮದೂ ಇಪ್ಪತ್ತು ನಿಮಿಷ. ಅವರು ಹತ್ತು ಅನ್ನುತ್ತಿದ್ದಾರೆ, ಹದಿನೈದಕ್ಕೆ ಬರಬಹುದು. ಗಿಟಾರ್‌ನವನನ್ನು ಬಿಟ್ಟು ಬನ್ನಿ ಅಂದರೆ ಹತ್ತಕ್ಕೂ ಒಪ್ಪಿಯೇವು. ಪೇಟಿಯನ್ನು ಮಾತ್ರ ಹಿಂದಿನ ದಿನ ಶಾಲೆಯಲ್ಲಿ ಬಿಟ್ಟು ಹೋಗೋದಿಲ್ಲ.