ಎಲೆ ಗೂಡು ಕೊನೆಗೂ ಬಿಸಿಯಾಯಿತು: 62 ಡಿಗ್ರಿ!

ಇವತ್ತು ಬೆಳಗ್ಗೆ ಆರೂವರೆಗೆ, ತರಗೆಲೆ ಗೊಬ್ಬರ ಮಾಡಲು ಜಾಲರಿಯಿಂದ ಕಟ್ಟಿದ ನಮ್ಮ ಗೂಡಿನ ಹೊಟ್ಟೆಗೆ ಥರ್ಮಾಮೀಟರ್ ಚುಚ್ಚಿದೆ. ಮುಳ್ಳು ಏರಿತು, ಏರಿತು, 62ಕ್ಕೆ ಹೋಗಿ ನಿಂತಿತು. ನಂಬಿಕೆ ಬರಲಿಲ್ಲ. ಎಲೆ ಸರಿಸಿ ಕೈ ಹಾಕಿದೆ, ಎರಡು ಸೆಕೆಂಡ್ ಇಡಲು ಆಗಲಿಲ್ಲ. ಏಳು ವಾರ ಇದೇ ಜಾಗದಲ್ಲಿ 27, 28, ಮತ್ತೆ 27 ಅಂತ ಬರೆದುಕೊಂಡು ಮನೆಗೆ ಹೋಗುತ್ತಿದ್ದೆ. ಸೂಕ್ಷ್ಮಜೀವಿ ಎಲೆಯನ್ನು ಕೊಳೆಸುವಾಗ ರಾಶಿ ಬಿಸಿಯಾಗಬೇಕು. ಹೊರಗಿನ ಗಾಳಿಯೇ 26 ಇರುವಾಗ ಅದು ಗೊಬ್ಬರವಲ್ಲ, ಸುಮ್ನೆ ಒಟ್ಟಿಟ್ಟ ಎಲೆ. ಇವತ್ತು ಹಬೆ ಬರುತ್ತಿದೆ. ಪಕ್ಕದ ಮನೆ ತಾತ ವಾಕಿಂಗ್ ನಿಲ್ಲಿಸಿ "ಏನಮ್ಮ, ಇಡ್ಲಿ ಬೇಯಿಸ್ತಾ ಇದ್ದೀಯಾ?" ಅಂದರು. ಅವರಿಗೂ ಕೈ ಹಾಕಿಸಿ ತೋರಿಸಿಯೇ ಬಿಟ್ಟೆ.

ಗೂಡು ಕಟ್ಟುವುದು ನಮ್ಮ ಎಲೆ ಗೊಬ್ಬರದ ಗುಂಪಿನವರಿಗೆಲ್ಲ ಗೊತ್ತಿರುವುದೇ, ಅದನ್ನು ಬರೆಯುವುದಿಲ್ಲ. ನಮ್ಮದು ದುಂಡು ಗೂಡು, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ. ಜಾಲರಿ ಹದಿಮೂರೂವರೆ ಅಡಿ ಬೇಕು. ನಾನು ಕೇಳಿದ್ದು ಒಂದು ಇಂಚು ಕಣ್ಣಿನ ವೆಲ್ಡ್ ಮೆಶ್, ಬಂದಿದ್ದು ಕೋಳಿ ಗೂಡಿಗೆ ಹಾಕುವ ತೆಳು ಜಾಲರಿ. ವಾಪಸ್ ಕೊಡಲು ಹೋದರೆ "ಕತ್ತರಿಸಿ ಕೊಟ್ಟಿದ್ದು, ತಗೊಳ್ಳಲ್ಲ" ಅಂದರು. ಮೂರನೇ ಸಲ ಎಲೆ ತುಂಬುವಷ್ಟರಲ್ಲಿ ಹೊಟ್ಟೆ ಬಿಟ್ಟುಕೊಂಡಿತು. ಈಗ ನಾಲ್ಕು ಬಿದಿರು ಗಳ ನಿಲ್ಲಿಸಿ ಬೈಂಡಿಂಗ್ ವೈರ್ ಬಿಗಿದಿದ್ದೇನೆ. ನೀವು ತರುವಾಗ ಅಂಗಡಿಯಲ್ಲೇ ಬಿಚ್ಚಿಸಿ, ಕೈಯಲ್ಲಿ ಬಗ್ಗಿಸಿ ನೋಡಿ ತನ್ನಿ.

ಹೊಸದಾಗಿ ಸೇರಿದವರಿಗೆ ಒಂದು ಮಾತು, ಇದೆಲ್ಲ ಯಾಕೆ ಅಂತ. ನಮ್ಮದು ಮೈಸೂರು, ಕುವೆಂಪುನಗರ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ನಮ್ಮೂರು ಮೊದಲು ಬಂದಾಗ ಬೀದಿಯವರೆಲ್ಲ ಹಬ್ಬದ ಹಾಗೆ ಸಂಭ್ರಮಿಸಿದ್ದೆವು. ನಮ್ಮ ಬೀದಿಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು ಈಗ ಅಭ್ಯಾಸವಾಗಿದೆ. ಉಳಿದಿರುವುದು ಮರದ ಎಲೆ. ಜನವರಿಯಿಂದ ಮಾರ್ಚ್‌ವರೆಗೆ ಹೊಂಗೆ ಎಲೆ ಉದುರುತ್ತೆ, ಜೊತೆಗೆ ಮನೆಮನೆಯ ಮಾವು, ಹಲಸು. ಕಸದ ಆಟೋಗೆ ಅಷ್ಟು ಎಲೆ ಹಿಡಿಸುವುದಿಲ್ಲ. ಆಗ ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಕಡ್ಡಿ ಗೀರುವುದೇ ದಾರಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ಅಂತ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ನಾನು ಒಮ್ಮೆ ಅದನ್ನು ಬೀದಿ ಗುಡಿಸುವ ಅಕ್ಕನ ಹತ್ತಿರ ಹೇಳಿದೆ. ಅವರು ಪೊರಕೆ ಗೋಡೆಗೆ ಒರಗಿಸಿ, "ನೀವೇ ಹೇಳ್ರಮ್ಮ, ಇಷ್ಟು ಎಲೆ ಎಲ್ಲಿಗೆ ಹೊತ್ಕೊಂಡು ಹೋಗ್ಲಿ?" ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಗೂಡು ಶುರುವಾಗಿದ್ದು ಅಲ್ಲಿಂದ.

ಸರಿ, ಸಮಸ್ಯೆಗೆ ಬರೋಣ.

ಜನವರಿ ಮೊದಲ ವಾರ ತುಂಬಿದೆ. ಎಲ್ಲರೂ ಮಾಡುವ ಹಾಗೆ ಒಂದು ಅಡಿ ಎಲೆ, ಮೇಲೆ ಹುಳಿ ಮಜ್ಜಿಗೆ ಮತ್ತು ಬೆಲ್ಲದ ನೀರು, ಮತ್ತೆ ಎಲೆ. ಬಿಸಿಯಾಗಲಿಲ್ಲ. ನೀರು ಸಾಲದು ಅಂದುಕೊಂಡು ದಿನಾ ಎರಡು ಬಕೆಟ್ ಸುರಿದೆ. ನೀರು ಕೆಳಗಿನಿಂದ ಹರಿದು ಚರಂಡಿಗೆ ಹೋಯಿತು, ಮುಳ್ಳು 27ರಲ್ಲೇ ನಿಂತಿತು. ಆಮೇಲೆ ಸಾರಜನಕ ಕಮ್ಮಿ ಅನ್ನಿಸಿತು. ಲೆಕ್ಕ ಸರಿಯೇ ಇತ್ತು. ರಾಶಿಯಲ್ಲಿ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಚೆನ್ನಾಗಿ ಬೇಯುತ್ತೆ, ಒಣಗಿದ ಎಲೆಯಲ್ಲಿ ಇಂಗಾಲ 50 ಪಾಲು ದಾಟುತ್ತೆ. ಕಾಫಿ ಚರಟದಲ್ಲಿ ಸುಮಾರು 20. ಹಾಗಾಗಿ ಹತ್ತಿರದ ಹೋಟೆಲಿನಿಂದ ವಾರಕ್ಕೆ ಎರಡು ಬಕೆಟ್ ಚರಟ ತಂದು ಹಾಕಿದೆ. ಗೂಡಿಗೆ ಫಿಲ್ಟರ್ ಕಾಫಿ ವಾಸನೆ ಬಂತು, ಬಿಸಿ ಬರಲಿಲ್ಲ.

ಆಮೇಲೆ ಸಗಣಿ ಪುಡಿ ತರಿಸಿದೆ. 25 ಕಿಲೋ ಚೀಲ, ಮೇಲೆ ಹಸುವಿನ ಚಿತ್ರ, ಶುದ್ಧ ದೇಸಿ ಅಂತ ದಪ್ಪಕ್ಷರ. ಎರಡು ವಾರ ಹಾಕಿದರೂ ಏನೂ ಆಗದಿದ್ದಾಗ ಒಂದು ಗಾಜಿನ ಲೋಟಕ್ಕೆ ನೀರು ತುಂಬಿ ಎರಡು ಚಮಚ ಪುಡಿ ಹಾಕಿ ಕಲಕಿಟ್ಟೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಮೇಲೆ ತೇಲುತ್ತಿದ್ದದ್ದು ಒಂದಿಷ್ಟು ಹೊಟ್ಟು, ನಡುವೆ ಕಂದು ನೀರು, ತಳದಲ್ಲಿ ಒಂದು ಬೆರಳು ದಪ್ಪ ಮರಳು. ಬೆರಳಿಗೆ ತೆಗೆದುಕೊಂಡು ಉಜ್ಜಿದೆ, ಚರಚರ ಅಂತು. ಅಂಗಡಿಯವರಿಗೆ ಫೋಟೊ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ. ಸಗಣಿ ಪುಡಿ ಯಾರೇ ತರಿಸಲಿ, ಚೀಲ ಬಿಚ್ಚಿದ ಕೂಡಲೇ ಈ ಲೋಟದ ಪರೀಕ್ಷೆ ಮಾಡಿ. ಕಾಸು ಖರ್ಚಿಲ್ಲ, ಹತ್ತೇ ನಿಮಿಷ.

ಈ ಮಧ್ಯೆ, ಎಲ್ಲರ ಗೂಡಿನ ಬಿಸಿ ಬರೆದಿಡುವ ನಮ್ಮ ಗುಂಪಿನ ಪಟ್ಟಿ ತಲೆ ಕೆಡಿಸಿತು. ಒಂಬತ್ತು ಊರಿನವರು ಒಂದೇ ಅಳತೆಯ ಗೂಡು, ಒಂದೇ ವಿಧಾನ ಇಟ್ಟುಕೊಂಡಿದ್ದೇವೆ, ಅಲ್ವಾ. ರಾಜ್ಯದ ಯಾವ ಮೂಲೆಯ ಬೀದಿಗೂ ಹೊಂದುವ ಒಂದು ಪಾಕ ಸಿಗಬೇಕು ಅನ್ನುವುದೇ ಇದರ ಆಸೆ. ಆದರೆ ಧಾರವಾಡದವರದು ಎರಡನೇ ವಾರಕ್ಕೇ 50 ದಾಟಿತ್ತು. ದಾವಣಗೆರೆಯವರದೂ ಹಾಗೇ. ಮಂಗಳೂರು, ಮೈಸೂರು, ಹಾಸನ ಮಾತ್ರ ತಣ್ಣಗೆ. ಮೊದಲು ಹವೆ ಅಂದುಕೊಂಡೆವು. ಮಂಗಳೂರಿನ ಹವೆಗೂ ಮೈಸೂರಿನ ಹವೆಗೂ ಏನು ಸಂಬಂಧ? ಹಾಗಾಗಿ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿದೆವು, ಯಾವ ಮರದ ಎಲೆ ಅಂತ. ಆಗ ಕಣ್ಣಿಗೆ ಹೊಡೆಯಿತು. ಬಿಸಿಯಾದ ಗೂಡುಗಳಲ್ಲಿ ಹುಣಸೆ, ಗುಲ್‌ಮೊಹರ್, ಮಳೆಮರ, ಎಲ್ಲವೂ ಸಣ್ಣ ಸಣ್ಣ ಎಲೆ. ತಣ್ಣಗಿರುವ ಗೂಡುಗಳಲ್ಲಿ ಮಾವು, ಹಲಸು, ಗೇರು, ಹೊಂಗೆ, ಎಲ್ಲವೂ ಅಗಲ ಎಲೆ. ಒಬ್ಬೊಬ್ಬರೇ ಮಾಡಿದ್ದರೆ ಇದು ಹತ್ತು ವರ್ಷ ಆದರೂ ಗೊತ್ತಾಗುತ್ತಿರಲಿಲ್ಲ.

ಆ ಭಾನುವಾರ ಸಲಿಕೆ ತೆಗೆದುಕೊಂಡು ಗೂಡನ್ನು ನಡುವಿಗೆ ಸೀಳಿದೆ. ಏಳು ವಾರ ನೀರು ಕುಡಿದ ಗೂಡು ಒಳಗೆ ಒಣಗಿತ್ತು! ಹೊಂಗೆ ಎಲೆ, ಮಾವಿನೆಲೆ ಒಂದರ ಮೇಲೊಂದು ಅಂಟಿ, ಹಳೆ ಪುಸ್ತಕದ ಹಾಳೆಗಳ ಹಾಗೆ ಕಟ್ಟು ಕಟ್ಟಾಗಿ ಎದ್ದು ಬಂದವು. ಒಂದು ಕಟ್ಟು ಬಿಡಿಸಿದೆ. ಮೇಲಿನ ಎಲೆ ಒದ್ದೆ, ಎರಡನೆಯದು ತೇವ, ಮೂರನೆಯದು ಗರಿಗರಿ. ಹೆಂಚಿನ ಮಾಡಿನ ಮೇಲೆ ಮಳೆ ಜಾರುವ ಹಾಗೆ ನೀರು ಎಲೆಯಿಂದ ಎಲೆಗೆ ಜಾರಿ ಹೊರಗೆ ಹೋಗಿದೆ. ಮಾವಿನೆಲೆಗೆ ಮೇಣದ ಹೊದಿಕೆ ಇರುತ್ತಲ್ಲ, ಅದು ಒಣಗಿ ಬಿದ್ದ ಮೇಲೂ ಹಾಗೇ ಇರುತ್ತೆ. ನೀರು ಹೋಗದ ಕಡೆ ಸೂಕ್ಷ್ಮಜೀವಿ ಏನು ಮಾಡೀತು? ಅಂಟಿಕೊಂಡ ಎಲೆಗಳ ನಡುವೆ ಗಾಳಿಯೂ ಆಡುವುದಿಲ್ಲ.

ಫೋಟೊ ಹಾಕಿದೆ. ಶಿರಸಿಯ ಅಕ್ಕ ಫೋನ್ ಮಾಡಿದರು. ಅವರದು ಅಡಿಕೆ ತೋಟದ ಮನೆ, ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಿಂದ, ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸುವುದನ್ನು ಚಿಕ್ಕಂದಿನಿಂದ ಮಾಡಿದವರು. (ಘಟ್ಟದ ಕೆಳಗಿನವರಿಗೆ, ಬಯಲುಸೀಮೆಯವರಿಗೆ: ದರಕು ಅಂದರೆ ತರಗೆಲೆ.) ನನ್ನ ಕಥೆ ಪೂರ್ತಿ ಕೇಳಿ ಅವರು ಅಂದದ್ದು ಇಷ್ಟೇ. "ಅಲ್ಲ ತಂಗೀ, ದರಕನ್ನ ಹಾಗೇ ಒಟ್ಟಿಟ್ಟರೆ ಎಲ್ಲಿ ಗೊಬ್ಬರ ಆಗ್ತದೆ? ದನ ತುಳೀಬೇಕಲ್ಲ!"

ಫೋನ್ ಇಟ್ಟ ಮೇಲೂ ಅದೇ ಯೋಚನೆ. ಕೊಟ್ಟಿಗೆಯಲ್ಲಿ ದನ ರಾತ್ರಿಯೆಲ್ಲ ಎಲೆಯ ಮೇಲೆ ನಿಲ್ಲುತ್ತೆ, ಮಲಗುತ್ತೆ, ಏಳುತ್ತೆ. ಗೊರಸು ಎಲೆಯನ್ನು ಚೂರು ಮಾಡುತ್ತೆ, ಮೇಣದ ಹೊದಿಕೆ ಬಿರಿಯುತ್ತೆ. ಗಂಜಲ ಬಿದ್ದು ಎಲೆ ನೆನೆಯುತ್ತೆ, ಸಾರಜನಕವೂ ಅದರಲ್ಲೇ ಬಂತು. ಸಗಣಿಯಿಂದ ಸೂಕ್ಷ್ಮಜೀವಿ ಬಂತು. ನಾವು ಪೇಟೆಯವರು ಸೂಕ್ಷ್ಮಜೀವಿಯ ಕಲ್ಚರ್ ಪ್ಯಾಕೆಟ್ಟು, ಪುಡಿ, ದ್ರಾವಣ ಅಂತ ಅಂಗಡಿ ಅಂಗಡಿ ಸುತ್ತುತ್ತಿದ್ದೆವು. ನಮ್ಮ ಗೂಡಿನಲ್ಲಿ ಇಲ್ಲದೆ ಇದ್ದದ್ದು ದನದ ಕಾಲು.

ಹಾಗಾಗಿ ಕಳೆದ ಭಾನುವಾರ ಎಲ್ಲವನ್ನೂ ಹೊರಗೆ ಹಾಕಿ ಮೊದಲಿನಿಂದ ಶುರು ಮಾಡಿದೆವು. ಶನಿವಾರ ಸಂಜೆಯೇ 200 ಲೀಟರ್ ಡ್ರಮ್ಮಿನಲ್ಲಿ ನೀರು, ಒಂದು ಬಾಂಡ್ಲಿ ಹಸಿ ಸಗಣಿ, ಒಂದು ಕೊಡ ಗಂಜಲ. ಸಗಣಿ, ಗಂಜಲ ಎರಡೂ ಹಾಲು ಹಾಕುವವರ ಕೊಟ್ಟಿಗೆಯಿಂದ, ಪುಡಿ ಗಿಡಿ ಏನಿಲ್ಲ. ಎಲೆಯನ್ನು ಗೋಣಿಚೀಲಕ್ಕೆ ತುಂಬಿ, ಚೀಲದ ಸಮೇತ ಅದರಲ್ಲಿ ಅದ್ದಿ, ಮೇಲೆ ಕಲ್ಲು ಹೇರಿದೆವು. ಒಂದು ಸಲಕ್ಕೆ ಎರಡು ಚೀಲ ಹಿಡಿಯಿತು, ಉಳಿದದ್ದಕ್ಕೆ ಬೀದಿಯ ನಾಲ್ಕು ಮನೆಯವರು ತಮ್ಮ ಹಳೆ ಡ್ರಮ್ಮು ಕೊಟ್ಟರು. ಬೆಳಗ್ಗೆ ಟಾರ್ಪಾಲಿನ ಮೇಲೆ ಸುರಿದು, ಬೀದಿಯ ಮಕ್ಕಳನ್ನೆಲ್ಲ ಕರೆದು "ತುಳೀರಿ" ಅಂದೆ. ಹೇಳುವುದೇ ತಡ! ಹನ್ನೊಂದು ಮಕ್ಕಳು, ಹಳೆ ಗಂಬೂಟು, ಚಪ್ಪಲಿ, ಒಂದು ಗಂಟೆ ಕುಣಿತ. ಒಬ್ಬ ಹುಡುಗ ನಾನೇ ಬಸವ ಅಂತ ಕೊಂಬು ಮಾಡಿಕೊಂಡು ಓಡಾಡಿದ. ಎಲೆ ಅಂಗೈ ಅಗಲದಿಂದ ಬೆರಳು ಅಗಲಕ್ಕೆ ಇಳಿಯಿತು.

ಆಮೇಲೆ ಮೂರು ಬಾಂಡ್ಲಿ ತುಳಿದ ಎಲೆಗೆ ಒಂದು ಬಾಂಡ್ಲಿ ಹಸಿ ವಸ್ತು, ಅಂದರೆ ಹೂವಿನ ಅಂಗಡಿಯ ಬಾಡಿದ ಸೇವಂತಿಗೆ, ತರಕಾರಿ ಸಿಪ್ಪೆ, ಕಾಫಿ ಚರಟ. ನಡುವೆ ತೂತು ಕೊರೆದ ಪಿವಿಸಿ ಪೈಪು ನಿಲ್ಲಿಸಿದೆ, ಗಾಳಿಗೆ. ತೇವ ಎಷ್ಟು ಅಂತ ಕೇಳಬೇಡಿ, ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು, ಧಾರೆಯಾಗಿ ಸುರಿಯಬಾರದು. ಸೋಮವಾರ 38. ಮಂಗಳವಾರ 47. ಬುಧವಾರ 55. ಇವತ್ತು ಗುರುವಾರ, 62.

ಮಕ್ಕಳು ತುಳಿಯುವಾಗ ಇನ್ನೊಂದು ಕೆಲಸ ತಲೆಗೆ ಹೊಕ್ಕಿದೆ, ಹೇಳಿಬಿಡುತ್ತೇನೆ. ತುಳಿತ ಮುಗಿದ ಮೇಲೆ ಎಲ್ಲರಿಗೂ ಅವಲಕ್ಕಿ ಕೊಡಬೇಕಿತ್ತು. ಯಾರೋ ಬಳಸಿ ಬಿಸಾಡುವ ತಟ್ಟೆಯ ಕಟ್ಟು ತಂದರು. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಥರ್ಮಾಕೋಲ್ ಎಲ್ಲದಕ್ಕೂ 2016ರ ಮಾರ್ಚ್‌ನಲ್ಲೇ ನಿಷೇಧ ಬಂದಿದೆ, ಈಗಲೂ ಕಟ್ಟುಗಟ್ಟಲೆ ಸಿಗುತ್ತೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯವರು ಸ್ಟೀಲ್ ತಟ್ಟೆ ಬ್ಯಾಂಕ್ (ಸಮಾರಂಭಕ್ಕೆ ತಟ್ಟೆ, ಲೋಟ ಕೊಟ್ಟು ಆಮೇಲೆ ವಾಪಸ್ ಪಡೆಯುವುದು) ಮಾಡಿರುವುದು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಬೀದಿಗೊಂದು ಅಂತಹದ್ದು ಯಾಕಾಗಬಾರದು? ನಾಮಕರಣ, ತಿಥಿ, ಗಣೇಶ, ರಾಜ್ಯೋತ್ಸವ, ಎಲ್ಲದಕ್ಕೂ ಅದೇ 200 ತಟ್ಟೆ, 200 ಲೋಟ. ಮನೆಮನೆಯ ಅಟ್ಟದಲ್ಲಿ ಮದುವೆಗೆ ಬಂದ ಸ್ಟೀಲ್ ಸಾಮಾನು ಕೂತಿದೆ, ಹೊಸದು ಕೊಳ್ಳುವುದೇ ಬೇಡ. ಕಷ್ಟ ಇರುವುದು ತೊಳೆಯುವುದರಲ್ಲಿ. 200 ತಟ್ಟೆಯನ್ನು ಎರಡು ಟಬ್ ನೀರಿನಲ್ಲಿ ಮುಗಿಸುವುದು ಹೇಗೆ, ಒರಗಿಸಿ ಒಣಗಿಸಲು ಸ್ಟ್ಯಾಂಡ್ ಹೇಗಿರಬೇಕು, ನಿಮ್ಮೂರಲ್ಲಿ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ. ಗಣೇಶ ಹಬ್ಬದೊಳಗೆ ಶುರು ಮಾಡಲೇಬೇಕು.

ಗೂಡಿಗೆ ವಾಪಸ್. ಮಂಗಳೂರಿನವರು ನಿನ್ನೆ ಗೇರೆಲೆ ನೆನೆಹಾಕಿದ್ದಾರೆ. ಅವರ ಬೀದಿಯಲ್ಲಿ ಮಕ್ಕಳು ಕಮ್ಮಿ, ಸ್ಕೂಟರ್ ಹತ್ತಿಸಿ ಪುಡಿ ಮಾಡುತ್ತಾರಂತೆ. ಅದೂ ನಡೆಯುತ್ತೆ ಅನ್ನಿಸುತ್ತೆ, ಎಣ್ಣೆ ಸೋರದ ಸ್ಕೂಟರ್ ಆಗಿರಲಿ. ಕಲಬುರಗಿಯವರಿಗೆ ಬಿಸಿಲೇ ಶತ್ರು, ಗೂಡಿನ ಸುತ್ತ ಒದ್ದೆ ಗೋಣಿ ಸುತ್ತಿ, ಸಂಜೆ ಮಾತ್ರ ನೀರು ಹಾಕಿ. ಶಿವಮೊಗ್ಗದವರು ಈಗ ನಗುತ್ತಿರಬಹುದು, ಜೂನ್‌ಗೆ ಮೊದಲು ಮೇಲೆ ಶೀಟು ಹೊದಿಸದಿದ್ದರೆ ಮಳೆಗೆ ಗೂಡು ಕೊಳೆತು ನಾರುತ್ತೆ. ಎಲ್ಲರೂ ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ನಡುವಿನಲ್ಲಿ, ಒಂದೂವರೆ ಅಡಿ ಆಳದಲ್ಲಿ ಅಳೆಯಿರಿ. ಮೇಲೆ ಅಳೆದದ್ದನ್ನು ಪಟ್ಟಿಗೆ ಹಾಕಬೇಡಿ. ನಾನು ಮುಳ್ಳು 45ಕ್ಕೆ ಇಳಿದ ದಿನ ಮೊದಲ ಸಲ ಮಗುಚುತ್ತೇನೆ. ಮತ್ತೆ 55 ಏರಿದರೆ ಈ ಪಾಕ ಗಟ್ಟಿ ಅಂತ ಅರ್ಥ. ಯುಗಾದಿ ಮುಗಿದ ಮೇಲೆ ತೋರಣದ ಮಾವಿನೆಲೆ ಯಾರೂ ಬಿಸಾಡಬೇಡಿ ಅಂತ ಬೀದಿಯಲ್ಲಿ ಹೇಳಿಟ್ಟಿದ್ದೇನೆ.

ಇದನ್ನು ಬರೆಯುತ್ತಿರುವಾಗ ಗೇಟಿನ ಹತ್ತಿರ ಸದ್ದಾಯಿತು. ಬೀದಿ ಗುಡಿಸುವ ಅಕ್ಕ ಎರಡು ಚೀಲ ಹೊಂಗೆ ಎಲೆ ತಂದು ನಿಂತಿದ್ದರು. "ಇದನ್ನೂ ನೆನೆಹಾಕೋದಾ, ಹಂಗೇ ಸುರೀಲಾ?" ಅಂದರು. ನೆನೆಹಾಕಿ ಅಂದೆ. ಡ್ರಮ್ಮಿನ ಮುಚ್ಚಳ ಅವರೇ ತೆಗೆದರು.