ತೂಕ ಮುಗಿದ ಮೇಲಿನ ಊಟ

ನಮ್ಮ ಕೆಲಸದಲ್ಲಿ ಎಲ್ಲರೂ ಹೆದರುವುದು ಏರ್‌ಪೋರ್ಟ್‌ಗೆ. ಯಾವ ತಂಡ ಯಾವ ಫ್ಲೈಟ್‌ಗೆ ಬರುತ್ತೆ, ಎಷ್ಟು ಬ್ಯಾಗು, ಯಾರ ವೀಸಾ ಇನ್ನೂ ಬಂದಿಲ್ಲ, ರಾತ್ರಿ ಎರಡಕ್ಕೆ ಇಳಿಯುವವರನ್ನು ಕರೆತರೋಕೆ ಯಾವ ಡ್ರೈವರ್ ಎಚ್ಚರ ಇರ್ತಾನೆ, ಇದೇ ಚಿಂತೆ. ಕೊಲ್ಲಿ ದೇಶಗಳಲ್ಲಿ 11 ವರ್ಷದಿಂದ ನಾನು ಮಾಡುತ್ತಿರುವುದು ಇದನ್ನೇ. ಸಮ್ಮೇಳನ, ಎಕ್ಸಿಬಿಷನ್, ಆಟೋಟ, ಏನೇ ಇರಲಿ, ಬಂದವರ ರೂಮು, ಬಸ್ಸು, ಊಟ ನನ್ನ ಪಾಲಿಗೆ. ಮೊದಲ ಸಲ ಅಂತರರಾಷ್ಟ್ರೀಯ ಜೂಡೊ ಪಂದ್ಯಾವಳಿ ಕೈಗೆ ಬಂದಾಗ ಏರ್‌ಪೋರ್ಟ್ ಕೆಲಸ ಎಲ್ಲೂ ಎಡವದೆ ಮುಗಿಯಿತು. ಎಡವಿದ್ದು ಅನ್ನದ ಪಾತ್ರೆ ಮುಂದೆ.

ಯಾವ ಊರು, ಯಾವ ವರ್ಷ ಅಂತ ಹೇಳಲ್ಲ. ಈಗಿನ ನಮ್ಮ ಬಾಸ್ ಕೂಡ ಕನ್ನಡದವರೇ, ಸಿಕ್ಕಿದ್ದೆಲ್ಲ ಓದುತ್ತಾರೆ.

ಆಗ ನನಗೆ ಜೂಡೊ ಬಗ್ಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ನಮ್ಮದು ಹೊಸಪೇಟೆ. ಜಾತ್ರೆ ಕುಸ್ತಿ ನೋಡಿ ಬೆಳೆದವನು. ಇಲ್ಲಿ ಮಟ್ಟಿ ಬದಲು ಟಾಟಾಮಿ ಅನ್ನೋ ಮ್ಯಾಟ್, ಲಂಗೋಟಿ ಬದಲು ದಪ್ಪ ಬಟ್ಟೆಯ ಜೂಡೋಗಿ, ಒಬ್ಬರದು ಬಿಳಿ, ಇನ್ನೊಬ್ಬರದು ನೀಲಿ. ಎದುರಾಳಿಯನ್ನು ರಭಸದಿಂದ ಎತ್ತಿ ಸರಿಯಾಗಿ ಬೆನ್ನ ಮೇಲೆ ಕೆಡವಿದರೆ ಅಲ್ಲಿಗೆ ಆಟ ಮುಗಿಯಿತು. ನಾವು ಚಿತ್ ಅಂತೀವಿ, ಅವರು ಇಪ್ಪೋನ್ ಅಂತಾರೆ. ಇಷ್ಟು ತಿಳಿದರೆ ಸಾಕು, ರೂಮು ಕೊಡೋಕೆ ಇನ್ನೇನು ಬೇಕು ಅಂದುಕೊಂಡಿದ್ದೆ.

ಬೇಕಾಗಿದ್ದದ್ದು ತೂಕದ ವಿಷಯ. ಗಂಡಸರಲ್ಲಿ 60 ಕೆಜಿಯಿಂದ 100ರ ಮೇಲಿನವರೆಗೆ ಏಳು ವಿಭಾಗ, ಹೆಂಗಸರಲ್ಲಿ 48ರಿಂದ 78ರ ಮೇಲಿನವರೆಗೆ ಏಳು. ಒಬ್ಬರ ವಿಭಾಗದ ಆಟ ಎಲ್ಲ ಒಂದೇ ದಿನದಲ್ಲಿ ಮುಗಿಯುತ್ತೆ. ತೂಕ ಮಾತ್ರ ಹಿಂದಿನ ಸಂಜೆಯೇ. ನಮ್ಮಲ್ಲಿ ಅದಕ್ಕೆ ಇಟ್ಟಿದ್ದ ಹೊತ್ತು 7:30ರಿಂದ 8, ಬರೀ ಅರ್ಧ ಗಂಟೆ. ಅಧಿಕೃತ ಮೆಷಿನ್ ಮೇಲೆ ಒಂದೇ ಸಲ ಹತ್ತಬಹುದು. ಜಾಸ್ತಿ ಬಂತೋ, ಅಷ್ಟು ದೂರದಿಂದ ಬಂದವರು ಆಡದೆ ವಾಪಸ್ ಹೋಗಬೇಕು.

ನನ್ನ ಎಕ್ಸೆಲ್ ಶೀಟ್‌ನಲ್ಲಿ ರಾತ್ರಿ ಊಟ 6:30ರಿಂದ 8:30 ಅಂತ ಇತ್ತು. ಅದರ ಕೆಳಗೆ ನಾಲ್ಕೈದು ಸಾಲು ಬಿಟ್ಟು ತೂಕದ ಹೊತ್ತು ಇತ್ತು. ಎರಡೂ ಒಂದೇ ಪುಟದಲ್ಲಿ! ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಲಿಲ್ಲ, ಅಷ್ಟೇ.

ಮೊದಲ ಸಂಜೆ ತೂಕದ ರೂಮಿನ ಹೊರಗೆ ಕಾರಿಡಾರ್‌ನಲ್ಲಿ ನಿಂತಿದ್ದೆ. ಅಲ್ಲೇ ಒಂದು ಟ್ರಯಲ್ ಮೆಷಿನ್ ಇಟ್ಟಿರುತ್ತಾರೆ, ಅದನ್ನು ಎಷ್ಟು ಸಲ ಬೇಕಾದರೂ ಹತ್ತಬಹುದು. 60 ಕೆಜಿಯ ಒಬ್ಬ ಹುಡುಗ ಬಂದ. ಮೈಮೇಲೆ ಎರಡು ಸ್ವೆಟರ್, ಮೇಲೊಂದು ಪ್ಲಾಸ್ಟಿಕ್ ಜಾಕೆಟ್, ತಲೆಗೆ ಉಲ್ಲನ್ ಟೋಪಿ. ಹೊರಗೆ ಮೈ ಬೇಯುವ ಸೆಕೆ. ಎಲ್ಲ ಕಳಚಿ ಮೆಷಿನ್ ಹತ್ತಿದ. 60.2. ಯಾರೂ ಏನೂ ಮಾತಾಡಲಿಲ್ಲ. ಮತ್ತೆ ಎಲ್ಲ ಹಾಕಿಕೊಂಡು ಹೋಟೆಲ್‌ನ ಫೈರ್ ಎಕ್ಸಿಟ್ ಮೆಟ್ಟಿಲು ಹತ್ತೋಕೆ ಹೋದ. ಕೈಯಲ್ಲಿ ಖಾಲಿ ನೀರಿನ ಬಾಟಲಿ. ಕುಡಿಯೋಕಲ್ಲ, ಉಗುಳೋಕೆ! ಬಾಯಲ್ಲಿ ಚ್ಯೂಯಿಂಗ್ ಗಮ್ ಹಾಕಿಕೊಂಡು ಜೊಲ್ಲು ಬರಿಸಿ ಬರಿಸಿ ಉಗುಳುತ್ತಿದ್ದ. ಕಾಲು ಗಂಟೆ ಆದ ಮೇಲೆ ಬಂದ, 60.1. ಮತ್ತೆ ಹೋದ. ಎಂಟಕ್ಕೆ ಇನ್ನೇನು ಐದು ನಿಮಿಷ ಇದೆ ಅನ್ನುವಾಗ ಅವನ ಕೋಚ್ ಅವನನ್ನು ಹೆಚ್ಚುಕಮ್ಮಿ ದಬ್ಬಿಕೊಂಡೇ ಒಳಗೆ ಕರೆದುಕೊಂಡು ಹೋದರು. ಹೊರಗೆ ಬಂದಾಗ ಹುಡುಗನ ಮುಖದಲ್ಲಿ ಖುಷಿ ಅಂತ ಏನೂ ಇರಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕೂತು ಒಂದು ಲೀಟರ್ ನೀರನ್ನು ಒಂದೇ ಉಸಿರಿಗೆ ಇಳಿಸಿದ. ಅದನ್ನು ನೋಡಿ ತೂಕ ಪಾಸ್ ಅಂತ ನನಗೆ ಗೊತ್ತಾಯಿತು.

ಇವರೆಲ್ಲ ಎರಡು ಹೋಟೆಲ್‌ನಲ್ಲಿ ಇದ್ದರು. ತೂಕ ನಡೆದದ್ದು ಮೊದಲನೆಯದರಲ್ಲಿ. ಎರಡನೆಯದು ಬಸ್‌ನಲ್ಲಿ 20 ನಿಮಿಷದ ದಾರಿ. 8:15ಕ್ಕೆ ಹೊರಟ ಬಸ್ ಟ್ರಾಫಿಕ್‌ನಲ್ಲಿ ಸಿಕ್ಕಿ 8:40ಕ್ಕೆ ತಲುಪಿತು. ಅಲ್ಲಿ ಬಫೆ ಎತ್ತುತ್ತಿದ್ದರು. ಹಿಂದಿನ ರಾತ್ರಿಯಿಂದ ಸರಿಯಾಗಿ ಒಂದು ಗುಟುಕು ನೀರೂ ಕುಡಿಯದ ಎಪ್ಪತ್ತು ಜನ ಡೈನಿಂಗ್ ಹಾಲ್ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾರೆ. ಅಷ್ಟೂ ಜನ ಮನುಷ್ಯರನ್ನು ಎತ್ತಿ ಒಗೆಯೋದನ್ನೇ ಕಲಿತವರು.

ಅಡುಗೆಮನೆ ನೋಡಿಕೊಳ್ಳುತ್ತಿದ್ದವರು ಕುಂದಾಪುರದ ಕಡೆಯ ಶೆಟ್ರು. ನನ್ನ ಮೇಲೆ ಹರಿಹಾಯ್ದರು. "ಎಂತ ಮಾರಾಯ, ಆರೂವರಿಗೆ ಒಂದ್ ನರಪಿಳ್ಳೆ ಇಲ್ಲ. ಈಗ ಊರಿಗೂರೇ ಕರ್ಕಂಡ್ ಬಂದ್ಯಲೆ!"

"ಶೆಟ್ರೇ, ನನ್ನದೇ ತಪ್ಪು. ಏನಾದರೂ ಮಾಡಿ."

ಅವರು ಮಾಡಿದರು. ಅನ್ನಕ್ಕೆ ಇಟ್ಟರು. ಆಗಲೇ ಒಳಗೆ ಎತ್ತಿಟ್ಟಿದ್ದ ಕೋಳಿ, ಮೊಟ್ಟೆ, ಬಾಳೆಹಣ್ಣು ವಾಪಸ್ ತರಿಸಿದರು. ಅನ್ನ ಆಗುವವರೆಗೆ ಸುಮ್ನೆ ಕಾಯಿಸೋದು ಬೇಡ ಅಂತ ಸ್ಟಾಫ್ ಮೆಸ್‌ಗೆ ಮಾಡಿಟ್ಟಿದ್ದ ಕುಚ್ಚಲಕ್ಕಿ ಗಂಜಿಯ ಪಾತ್ರೆಯನ್ನೇ ಹೊರಗೆ ತಂದಿಟ್ಟರು, ಪಕ್ಕದಲ್ಲಿ ಉಪ್ಪು. ಯಾರು ಕುಡಿಯುತ್ತಾರೆ ಇದನ್ನು ಅಂತ ನನಗೆ ಅನುಮಾನ. ಮಂಗೋಲಿಯಾದ ಕೋಚ್ ಒಬ್ಬರು ಮೊದಲು ಬಟ್ಟಲು ಹಿಡಿದರು, ಕುಡಿದರು, ಇನ್ನೊಂದು ಬಟ್ಟಲು ಹಾಕಿಸಿಕೊಂಡು ತಮ್ಮ ಹುಡುಗಿಯರನ್ನು ಕರೆದರು. ಅವರ ದೇಶದಲ್ಲಿ ಹಾಲಿನ ಚಹಾಕ್ಕೇ ಉಪ್ಪು ಹಾಕಿ ಕುಡಿಯುತ್ತಾರೆ, ಉಪ್ಪು ಗಂಜಿ ಅವರಿಗೆ ವಿಚಿತ್ರ ಅನ್ನಿಸಲಿಲ್ಲ. ಹತ್ತು ನಿಮಿಷದಲ್ಲಿ ಪಾತ್ರೆ ಖಾಲಿ. ಮೈಯಲ್ಲಿ ನೀರೂ ಉಪ್ಪೂ ಬತ್ತಿಹೋದವರಿಗೆ ಅದಕ್ಕಿಂತ ಒಳ್ಳೆಯದು ಏನಿದೆ ಹೇಳಿ. ಆ ರಾತ್ರಿ ಸ್ಟಾಫ್‌ಗೆ ಮಾತ್ರ ಬ್ರೆಡ್ಡು.

ಮರುದಿನದಿಂದ ಊಟ 7:30ರಿಂದ 10:30. ತೂಕದ ರೂಮಿನ ಬಾಗಿಲಲ್ಲೇ ನೀರು, ಬಾಳೆಹಣ್ಣು, ಉಪ್ಪಿನ ಬಿಸ್ಕತ್ತು. ಶೆಟ್ರು ಗಂಜಿಯನ್ನು ಬಫೆಗೇ ಸೇರಿಸಿ, ಇಂಗ್ಲಿಷ್‌ನಲ್ಲಿ ಏನೋ ದೊಡ್ಡ ಹೆಸರಿನ ಬೋರ್ಡ್ ಇಟ್ಟರು.

ಹಾಗಂತ ತಿಂದವರೆಲ್ಲ ಹೊಟ್ಟೆ ಬಿರಿಯೆ ತಿನ್ನೋ ಹಾಗೂ ಇಲ್ಲ. ಬೆಳಗ್ಗೆ ಪ್ರತಿ ವಿಭಾಗದಿಂದ ನಾಲ್ಕು ಹೆಸರು ಚೀಟಿ ಎತ್ತಿದ ಹಾಗೆ ಆರಿಸಿ ಮತ್ತೆ ತೂಗುತ್ತಾರೆ. ವಿಭಾಗದ ಮಿತಿಗಿಂತ ನೂರಕ್ಕೆ 5ರಷ್ಟು ಮಾತ್ರ ಜಾಸ್ತಿ ಇರಬಹುದು. ಅಂದರೆ 60ರ ಹುಡುಗ 63 ದಾಟುವಂತಿಲ್ಲ. ಇದು ಗೊತ್ತಾದ ಮೇಲೆ, ತಟ್ಟೆ ತುಂಬಾ ಅನ್ನ ಹಾಕಿಕೊಂಡವನನ್ನು ಕೋಚ್ ಯಾಕೆ ದುರುಗುಟ್ಟಿ ನೋಡುತ್ತಾರೆ ಅಂತ ಅರ್ಥ ಆಯಿತು.

ಎರಡನೇ ತಪ್ಪು ಬಸ್ಸಿನದು. ಇದರ ಬಗ್ಗೆ ನನಗೆ ಈಗಲೂ ಜಾಸ್ತಿ ಬೇಜಾರು.

ಬೆಳಗ್ಗೆ ಕ್ರೀಡಾಂಗಣಕ್ಕೆ ಹೋಗೋಕೆ ಬಸ್ಸುಗಳು ಸಾಲಾಗಿ ಇದ್ದವು. ವಾಪಸ್ ಬರೋಕೆ ಮೊದಲ ಬಸ್ ಮಧ್ಯಾಹ್ನ ಒಂದಕ್ಕೆ. ಸಮ್ಮೇಳನಗಳಲ್ಲಿ ಹಾಗೇ ಅಲ್ವಾ, ಊಟದ ಹೊತ್ತಿಗೆ ಮುಂಚೆ ಯಾರೂ ಎದ್ದು ಹೋಗಲ್ಲ. ಆದರೆ ಇದು ನಾಕೌಟ್. ಒಂದು ಸುತ್ತು ಮುಗಿದರೆ ಆ ಸುತ್ತಿನಲ್ಲಿ ಆಡಿದವರಲ್ಲಿ ಅರ್ಧ ಜನ ಸೋತಿರುತ್ತಾರೆ. ಕ್ವಾರ್ಟರ್ ಫೈನಲ್‌ವರೆಗೆ ಬಂದು ಸೋತವರಿಗೆ ಮಾತ್ರ ಕಂಚಿಗೆ ಇನ್ನೊಂದು ದಾರಿ ಇರುತ್ತೆ. ಉಳಿದವರಿಗೆ ಆ ದಿನದ ಆಟ ಅಲ್ಲಿಗೇ ಮುಗಿಯಿತು. ಇದನ್ನು ಲೆಕ್ಕ ಹಾಕೋಕೆ ಜೂಡೊ ಗೊತ್ತಿರಬೇಕಾಗಿಲ್ಲ, ಮೂರನೇ ಕ್ಲಾಸಿನ ಗಣಿತ ಸಾಕು.

ಹತ್ತೂಮುಕ್ಕಾಲಿಗೆ ನಾನು ಹೊರಗೆ ಬಸ್ ನಿಲ್ಲುವ ಜಾಗಕ್ಕೆ ಬಂದರೆ ಒಬ್ಬ ಹುಡುಗಿ ಫುಟ್‌ಪಾತ್ ಮೇಲೆ ಕೂತಿದ್ದಳು. ಮೊಣಕೈಗೆ ಐಸ್ ಕಟ್ಟಿದ್ದಾರೆ. ಬೆನ್ನ ಮೇಲೆ ಹೆಸರು, ದೇಶದ ಮೂರಕ್ಷರ ಇರುವ ಬಟ್ಟೆ ಇನ್ನೂ ಮೈಮೇಲೇ ಇದೆ. ನಾಲ್ಕು ನಿಮಿಷದ ಪಂದ್ಯವನ್ನು ಒಂದು ನಿಮಿಷದೊಳಗೆ ಸೋತಿದ್ದಳಂತೆ. ಪಕ್ಕದಲ್ಲಿ ಅವಳ ಕೋಚ್. ಬಸ್ ಯಾವಾಗ ಅಂತ ಕೇಳಿದರು. ಒಂದು ಗಂಟೆಗೆ ಅಂದೆ. ಅವರು ವಾಚ್ ನೋಡಿಕೊಂಡರು, ಹುಡುಗಿಯನ್ನು ನೋಡಿದರು, ನನಗೆ ಏನೂ ಹೇಳಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕೊನೆಗೆ ನಮ್ಮ ಆಫೀಸಿನ ಕಾರಿನಲ್ಲೇ ಇಬ್ಬರನ್ನೂ ಕಳಿಸಿದೆ.

ಆವತ್ತಿನಿಂದ ನನ್ನ ಶೀಟ್‌ನಲ್ಲಿ "ಸೋತವರ ಬಸ್" ಅಂತ ಒಂದು ಕಾಲಂ ಇದೆ. ಮೊದಲ ಪಂದ್ಯ ಶುರುವಾಗಿ ಅರ್ಧ ಗಂಟೆಗೆ ಒಂದು ವ್ಯಾನ್, ಆಮೇಲೆ ಪ್ರತಿ ಅರ್ಧ ಗಂಟೆಗೆ. ಗೆದ್ದವರನ್ನು ನೋಡಿಕೊಳ್ಳೋಕೆ ನೂರು ಜನ ಇರ್ತಾರೆ.

ಗೆದ್ದವರ ಗಾಡಿಗೆ ಬೇರೆ ತಾಪತ್ರಯ. ನಾಲ್ಕು ನಿಮಿಷದಲ್ಲಿ ಸಮ ಆದರೆ ಗೋಲ್ಡನ್ ಸ್ಕೋರ್, ಅಂದರೆ ಗೆಲುವು ತೀರ್ಮಾನ ಆಗುವವರೆಗೆ ಮುಂದುವರಿಯುವ ಆಟ, ಅದಕ್ಕೆ ಹೊತ್ತಿನ ಮಿತಿಯೇ ಇಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹೆಂಗಸರ 70 ಕೆಜಿ ಸೆಮಿಫೈನಲ್ ಒಂದು 16 ನಿಮಿಷ ದಾಟಿತ್ತು. ಸರಿ, ಅದೂ ಮುಗಿಯಿತು, ಪದಕ ಕೊಟ್ಟಾಯಿತು ಅಂದುಕೊಂಡರೆ ಡೋಪಿಂಗ್ ಪರೀಕ್ಷೆ ಬಾಕಿ. ಅದಕ್ಕೆ ಕನಿಷ್ಠ 90 ಎಂಎಲ್ ಮೂತ್ರ ಬೇಕು. ಇಡೀ ದಿನ ಬೆವರು ಸುರಿಸಿದ ಮೈಯಿಂದ ಅದು ಅಷ್ಟು ಬೇಗ ಬರಲ್ಲ. ಕೊನೆಯ ಗಾಡಿ, ಡ್ರೈವರ್, ನಾನು, ಎಲ್ಲರೂ ಆ 90ಕ್ಕಾಗಿ ರಾತ್ರಿ 11ರವರೆಗೆ ಕಾದಿದ್ದುಂಟು. (ನಮ್ಮೂರಲ್ಲಿ 90 ಅಂದರೆ ಅರ್ಥ ಬೇರೆ, ಅದಕ್ಕೂ ಜನ ಕಾಯುತ್ತಾರೆ ಬಿಡಿ.)

ಹಾಗೆ ಕಾಯುವಾಗಲೇ ಒಂದು ಮಾತು ಸಿಕ್ಕಿತು. ಜಾರ್ಜಿಯಾದ ಫಿಸಿಯೊ ಒಬ್ಬರು, ನಾನು ಇಂಡಿಯಾ ಅಂದ ಕೂಡಲೇ "ವಿಜಯನಗರ?" ಅಂದರು. ನಾನು ಹಂಪಿ ವಿಷಯ ಅಂತ ಶುರು ಮಾಡಿದೆ. ಅವರು ತಲೆ ಅಲ್ಲಾಡಿಸಿ, ಅದಲ್ಲ, ಜೂಡೊ ಅಂದರು. ತೋರಣಗಲ್ಲಿನ ವಿಜಯನಗರ ಟೌನ್‌ಶಿಪ್‌ನಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಅವರ ದೇಶದ ಮಮುಕಾ ಕಿಜಿಲಾಶ್ವಿಲಿ ಕೋಚ್ ಆಗಿದ್ದರು. ಅಲ್ಲೇ ತರಬೇತಿ ಪಡೆದ ಮಣಿಪುರದ ಲಿಂಥೋಯಿ ಚನಂಬಮ್ 2022ರ ಆಗಸ್ಟ್‌ನಲ್ಲಿ ಸರಾಯೆವೊದಲ್ಲಿ ಕೆಡೆಟ್ (18 ವರ್ಷದೊಳಗಿನವರ) ವಿಶ್ವ ಚಾಂಪಿಯನ್ ಆದಳು, 57 ಕೆಜಿಯಲ್ಲಿ. ಯಾವ ವಯಸ್ಸಿನ ವಿಭಾಗದಲ್ಲೇ ಆಗಲಿ, ಜೂಡೊ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ನಮ್ಮ ಮನೆಯಿಂದ 30 ಚಿಲ್ಲರೆ ಕಿಲೋಮೀಟರ್ ದೂರದ ಸುದ್ದಿಯನ್ನು ಜಾರ್ಜಿಯಾದವರಿಂದ ಕೇಳಬೇಕಾಯಿತು. ಬಳ್ಳಾರಿ ಬಿಸಿಲಿನ ಬಗ್ಗೆಯೂ ಅವರಿಗೆ ಗೊತ್ತಿತ್ತು.

2024ರ ಮೇ 19ರಿಂದ 24ರವರೆಗೆ ಅಬುಧಾಬಿಯ ಮುಬಾದಲಾ ಅರೀನಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಅದರಲ್ಲಿ ನನಗೆ ಕೆಲಸ ಇರಲಿಲ್ಲ. ಅದಕ್ಕೇ ಹೋದೆ. 57 ಕೆಜಿ ದಿನ ರಜೆ ಹಾಕಿ, ಹೆಂಡತಿಯನ್ನೂ ಕರೆದುಕೊಂಡು ಗ್ಯಾಲರಿಯಲ್ಲಿ ಕೂತೆ.

ಸುಮ್ನೆ ಆಟ ನೋಡಬೇಕು ಅಂತಲೇ ಹೋದದ್ದು. ಆದರೆ ಕಣ್ಣು ಬೇರೆ ಕಡೆ ಹೋಗುತ್ತಿತ್ತು. ಆಟಗಾರರು ಮ್ಯಾಟ್ ಬಿಟ್ಟು ಬೇರೆಲ್ಲೂ ಬರಿಗಾಲಲ್ಲಿ ನಡೆಯುವಂತಿಲ್ಲ, ಕಾಲಿನ ಕೊಳೆ ಮ್ಯಾಟ್‌ಗೆ ಬರಬಾರದು. ಹಾಗಾಗಿ ಅಂಚಿನವರೆಗೆ ಚಪ್ಪಲಿಯಲ್ಲಿ ಬಂದು ಅಲ್ಲಿ ಬಿಡುತ್ತಾರೆ. ಆ ಚಪ್ಪಲಿ, ಜಾಕೆಟ್ ಎತ್ತಿಕೊಳ್ಳೋಕೆ ಬುಟ್ಟಿ ಹಿಡಿದ ಒಬ್ಬೊಬ್ಬರು ಹಿಂದೆಯೇ ಬರುತ್ತಾರೆ. ಒಂದು ಹುಡುಗ, ಹತ್ತೋ ಹನ್ನೊಂದೋ ವಯಸ್ಸಿರಬೇಕು, ಪ್ರತಿ ಸಲವೂ ಆಟಗಾರ್ತಿ ಇಳಿದು ಬರುವಷ್ಟರಲ್ಲಿ ಚಪ್ಪಲಿಯನ್ನು ತಿರುಗಿಸಿ, ಕಾಲು ನೇರ ತೂರಿಸುವ ಹಾಗೆ ಇಡುತ್ತಿದ್ದ. ಸೋತವಳಿಗೂ ಹಾಗೇ. ಯಾರು ಹೇಳಿಕೊಟ್ಟರೋ.

"ನೀವು ಆಟ ನೋಡ್ತಿದೀರೋ, ಚಪ್ಪಲಿ ನೋಡ್ತಿದೀರೋ?" ಅಂದಳು ಹೆಂಡತಿ.

ಫೈನಲ್‌ನಲ್ಲಿ ಕೊರಿಯಾದ ಹೂ ಮಿಮಿ, ಕೆನಡಾದ ಕ್ರಿಸ್ಟಾ ದೆಗುಚಿ. ಇಬ್ಬರೂ ಹುಟ್ಟಿದ್ದು ಜಪಾನಿನಲ್ಲಿ, ಆಡುವುದು ಬೇರೆ ಬೇರೆ ದೇಶಕ್ಕೆ. ಬೆಳಗ್ಗೆ ಟ್ರ್ಯಾಕ್‌ಸೂಟ್‌ನಲ್ಲಿದ್ದ ಕೋಚ್‌ಗಳು ಸಂಜೆ ಪದಕದ ಪಂದ್ಯಗಳಿಗೆ ಕೋಟು ಹಾಕಿಕೊಂಡು ಬಂದಿದ್ದರು, ಅದೂ ನಿಯಮವೇ. ಪಂದ್ಯ ಗೋಲ್ಡನ್ ಸ್ಕೋರ್‌ಗೆ ಹೋಗಿ ಎಳೆಯಿತು, ಎಳೆಯಿತು. ಇಬ್ಬರಿಗೂ ಉಸಿರಿಲ್ಲ. ಕೊನೆಗೆ ದೆಗುಚಿಗೆ ಮೂರನೇ ಶಿದೊ, ಅಂದರೆ ಮೂರನೇ ಎಚ್ಚರಿಕೆ, ಮೂರಾದರೆ ಸೋತ ಹಾಗೆ. ಅಲ್ಲಿಗೆ ಚಿನ್ನ ಹೂ ಮಿಮಿಗೆ. ಸುತ್ತಲಿನವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರೆ, ನಾನು ಹೊರಗೆ ಎಂಜಿನ್ ಆನ್ ಮಾಡಿ ಎಸಿ ಹಾಕಿಕೊಂಡು ಕೂತಿರಬಹುದಾದ ಡ್ರೈವರ್‌ಗಳ ಬಗ್ಗೆ ಯೋಚಿಸುತ್ತಿದ್ದೆ. ಫೋನ್ ತೆಗೆದು ಹೊತ್ತು ನೋಡಿದೆ. ನಾಳೆ ಆಡುವವರ ತೂಕ ಹತ್ತಿರ ಬಂದಿರಬೇಕು. ಯಾವುದೋ ಹೋಟೆಲ್‌ನಲ್ಲಿ ಯಾವನೋ ಹುಡುಗ ಮೆಟ್ಟಿಲು ಹತ್ತಿ ಇಳಿಯುತ್ತಿರಬೇಕು.

ಶೆಟ್ರು ಈಗ ಬೇರೆ ಹೋಟೆಲ್‌ನಲ್ಲಿದ್ದಾರೆ. ನಮ್ಮ ಯಾವುದಾದರೂ ಕಾರ್ಯಕ್ರಮ ಅವರ ಕಡೆ ಹೋದರೆ ಮೊದಲ ಫೋನ್ ಅವರಿಂದಲೇ. ಎಷ್ಟು ಜನ, ಯಾವ ದೇಶದವರು, ವೆಜ್ ಎಷ್ಟು, ನಾನ್‌ವೆಜ್ ಎಷ್ಟು, ಅವೆಲ್ಲ ಆಮೇಲೆ. ಹೋದ ಸಲವೂ ಹಾಗೇ ಆಯಿತು.

"ತೂಕ ಎಷ್ಟ್ ಗಂಟಿಗೆ ಮಾರಾಯ?"

"ಇದು ಚೆಸ್ ಶೆಟ್ರೇ. ತೂಕ ಇಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾರೆ ಕಾಫಿ ಜಾಸ್ತಿ ಇಡ್ತೆ" ಅಂದರು.