ಎಷ್ಟ್ ಬಿದ್ದಾವ?

ಈ ವರ್ಷ ಸಂಕ್ರಾಂತಿಗೆ ರಜೆ ಸಿಕ್ಕಿತು. ಲೀಡ್ಸ್‌ಗೆ ಡಾಕ್ಟರಾಗಿ ಬಂದ ಮೇಲೆ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ನಾನು ವಿಜಯಪುರದಲ್ಲಿದ್ದದ್ದು ಇದೇ ಮೊದಲು. ಅಕ್ಕನ ಮನೆಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಇಲ್ಲಿ ಇಂಗ್ಲೆಂಡಿನಲ್ಲಿ ಜನವರಿ ತಿಂಗಳು ನಾಲ್ಕೂವರೆಗೇ ಕತ್ತಲಾಗುತ್ತದೆ. ಹಾಗಾಗಿ ಊರಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಸುಮ್ನೆ ಕೂತರೂ ಹಬ್ಬವೇ.

ಸಂಜೆ ಓಣಿಯ ಹೆಂಗಸರು ಕುಸುರೆಳ್ಳು ಕೊಡೋಕೆ ಬಂದರು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ್ರಿ" ಅಂದರು. ಕೈಯಲ್ಲಿದ್ದ ಎಳ್ಳು ನನ್ನ ಕೈಗೆ ಬೀಳುವ ಮುಂಚೆಯೇ ಒಬ್ಬರು ಅಕ್ಕನ ಕಡೆ ತಿರುಗಿ ಕೇಳಿದರು: "ನಿಮ್ಮ ಹುಡುಗಗ ಎಷ್ಟ್ ಬಿದ್ದಾವ್ರಿ?"

ಹುಡುಗ ಅಂದರೆ ಅಕ್ಕನ ಮಗ. ಊರಲ್ಲೇ ಎಂಬಿಬಿಎಸ್ ಮೊದಲ ವರ್ಷ. ಮೊನ್ನೆ ತಾನೇ ಮೊದಲನೇ ಇಂಟರ್ನಲ್ ಮುಗಿದಿತ್ತು. ಅನಾಟಮಿಯಲ್ಲಿ, ಅಂದರೆ ದೇಹರಚನೆಯ ಪಾಠದಲ್ಲಿ, ನೂರಕ್ಕೆ 38. ಕೇಳಿದವರಿಗೆ ಅದು ಆಗಲೇ ಗೊತ್ತು ಅನ್ನೋದು ಅವರ ದನಿಯಲ್ಲೇ ಇತ್ತು. ಅವನು ಮಾಳಿಗೆ ಹತ್ತಿ ಕೂತಿದ್ದ, ಊಟಕ್ಕೂ ಇಳಿದಿರಲಿಲ್ಲ.

"ನೀನರ ಅವಂಗ ಒಂದೀಟು ಹೇಳ" ಅಂದಳು ಅಕ್ಕ. "ನೀ ಹೆಂಗ ಓದಿದ್ದಿ, ಎಷ್ಟ್ ತಗೊಂಡಿದ್ದಿ, ಎಲ್ಲಾ ಹೇಳ."

ಹೇಳಿ ತಾನೇ ನಾಲಿಗೆ ಕಚ್ಚಿಕೊಂಡಳು. ಯಾಕಂದರೆ ನಾನು ಮೊದಲ ವರ್ಷ ಅನಾಟಮಿಯಲ್ಲಿ ಫೇಲಾಗಿದ್ದೆ. ಇದು ಮನೆಯ ದೊಡ್ಡವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮತ್ತೆ ಓದಿ ಪಾಸಾಗೋಕೆ ಹಿಡಿದ ಆರು ತಿಂಗಳನ್ನು ಅವ್ವ "ಆಕಿಗೆ ಕಾಮಣಿ ಆಗಿತ್ತು" ಅಂತ ಹೇಳಿ ಮುಚ್ಚಿಹಾಕಿದ್ದಳು. ನನಗೆ ಕಾಮಣಿ ಯಾವತ್ತೂ ಆಗಿಲ್ಲ.

ನಾನು ಗುಳೇದಗುಡ್ಡದವಳು. ಅಪ್ಪ ಕುಣಿ ಮಗ್ಗದಲ್ಲಿ ಖಣ ನೇಯುತ್ತಿದ್ದ. ಹತ್ತನೇವರೆಗೆ ಕನ್ನಡ ಮಾಧ್ಯಮ. ಸಿಇಟಿ ರ್‍ಯಾಂಕಿನ ಮೇಲೆ ವಿಜಯಪುರದ ಕಾಲೇಜೊಂದರಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕಿತು. ಸೀನಿಯರ್ ಒಬ್ಬಳಿಂದ ಹಳೇ ಬೋನ್ ಸೆಟ್, ಅಂದರೆ ಓದೋಕೆ ಬೇಕಾದ ಮನುಷ್ಯರ ಎಲುಬುಗಳ ಡಬ್ಬಿ, ಕೊಂಡು ರಜೆಗೆ ಮನೆಗೆ ತಂದೆ. ಅವ್ವ ಹೊಸ್ತಿಲು ದಾಟಿಸಲಿಲ್ಲ. "ಯಾರವೋ ಏನೋ, ದೇವರ ಜಗಲಿ ಇರೋ ಮನ್ಯಾಗ ಬ್ಯಾಡ." ಡಬ್ಬಿ ಮಗ್ಗದ ಕೋಣೆಯ ಮೂಲೆ ಸೇರಿತು. ಅಪ್ಪ ಲಾಳಿ ಎಸೆಯುತ್ತಿದ್ದ, ನಾನು ಪಕ್ಕದಲ್ಲಿ ಎಲುಬು ಹಿಡಿದು ಉರು ಹೊಡೆಯುತ್ತಿದ್ದೆ.

2010ರ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ, ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಕ್ಸಾಮಿನರ್ ನನ್ನ ಕೈಗೆ ಕ್ಲಾವಿಕಲ್ ಕೊಟ್ಟರು. ಕುತ್ತಿಗೆಯ ಕೆಳಗೆ ಅಡ್ಡ ಇರುತ್ತದಲ್ಲ, ಆ ಎಲುಬು. ಮೊದಲು ಎಡವೋ ಬಲವೋ ಹೇಳಬೇಕು. ಚಪ್ಪಟೆ ತುದಿ ಭುಜದ ಕಡೆ. ದಪ್ಪ ತುದಿ ಎದೆಯ ನಡುವಿನ ಕಡೆ, ಅಲ್ಲಿನ ಬಾಗು ಮುಂದಕ್ಕೆ ಉಬ್ಬಿರಬೇಕು. ಉದ್ದ ತೋಡು ಇರುವ ಮೈ ಕೆಳಕ್ಕೆ. ನನಗೆ ಇಷ್ಟೂ ಗೊತ್ತಿತ್ತು, ಆದರೆ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಕೈ ನಡುಗಿ ಎಲುಬು ತಲೆಕೆಳಗಾಯಿತು. "ರೈಟ್" ಅಂದೆ. ಅದು ಎಡದ್ದು. ಕೆಳಗಿಡು ಅಂದರು. ಮುಂದಿನ ಪ್ರಶ್ನೆ ಬರಲೇ ಇಲ್ಲ.

ಆಗ ಫೇಲಾದವರದ್ದೇ ಬೇರೆ ಬ್ಯಾಚ್ ಇರುತ್ತಿತ್ತು, ಆಡ್ ಬ್ಯಾಚ್ ಅಂತ. ಜೊತೆಯವರು ಕೊರಳಿಗೆ ಸ್ಟೆತೊಸ್ಕೋಪ್ ಹಾಕಿಕೊಂಡು ವಾರ್ಡಿಗೆ ಹೊರಟರೆ ನಾವು ಮತ್ತೆ ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಕೋಣೆಯ ಫಾರ್ಮಲಿನ್ ವಾಸನೆಗೆ. ಮೆಸ್‌ನಲ್ಲಿ ನಮ್ಮ ಟೇಬಲ್ಲೂ ಬೇರೆಯಾಯಿತು. ಯಾರೂ ಹೋಗು ಅನ್ನಲಿಲ್ಲ, ನಾವೇ ಎದ್ದು ಹೋದೆವು. ಆ ಆರು ತಿಂಗಳು ನಿನಗೆ ಒಳ್ಳೇದೇ ಮಾಡಿತು ಅಂತ ಯಾರಾದರೂ ಅಂದರೆ ಇವತ್ತಿಗೂ ಸಿಟ್ಟು ಬರುತ್ತದೆ. ಏನೂ ಒಳ್ಳೇದು ಮಾಡಲಿಲ್ಲ. ಪಕ್ಕೆಲುಬುಗಳನ್ನು ಮಾತ್ರ ಚೆನ್ನಾಗಿ ಕಲಿತೆ.

2018ರಲ್ಲಿ ಇಲ್ಲಿಗೆ ಬರುವಾಗ ಒಂದೇ ಹೆದರಿಕೆ ಇತ್ತು. ಮಾರ್ಕ್ಸ್ ಕಾರ್ಡ್ ನೋಡಿ "ಇದೇನು ಎರಡನೇ ಅಟೆಂಪ್ಟ್?" ಅಂತ ಕೇಳಿದರೆ? ಕಾಮಣಿಯ ಕತೆಯನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳೋದು ಅಂತ ಕೂಡ ಯೋಚಿಸಿದ್ದೆ. ಯಾರೂ ಕೇಳಲಿಲ್ಲ. ಇಲ್ಲಿ ಡಾಕ್ಟರುಗಳನ್ನು ನೋಂದಾಯಿಸುವ ಜನರಲ್ ಮೆಡಿಕಲ್ ಕೌನ್ಸಿಲ್‌ಗೆ ಬೇಕಾಗಿದ್ದದ್ದು ಡಿಗ್ರಿ ನಿಜವೋ ಸುಳ್ಳೋ, ಇಂಟರ್ನ್‌ಶಿಪ್ ಮುಗಿದಿದೆಯೋ, ನಮ್ಮ ಕೌನ್ಸಿಲ್ ಒಳ್ಳೇ ನಡತೆಯ ಪತ್ರ ಕೊಡುತ್ತದೋ, ಇಂಗ್ಲಿಷ್ ಬರುತ್ತದೋ ಅನ್ನೋದು. ಜೊತೆಗೆ ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆ ಇಡುವ ಪ್ಲ್ಯಾಬ್ ಪರೀಕ್ಷೆ. ಮೊದಲ ಭಾಗ ಮೂರು ತಾಸು, 180 ಪ್ರಶ್ನೆ. ಎರಡನೆಯದು ಮ್ಯಾಂಚೆಸ್ಟರ್‌ನಲ್ಲಿ, ಕೋಣೆಯಿಂದ ಕೋಣೆಗೆ ಓಡಾಟ, ಒಂದೊಂದರಲ್ಲಿ 8 ನಿಮಿಷ. ಒಳಗೆ ರೋಗಿಯ ಪಾತ್ರದ ನಟರು ಕೂತಿರುತ್ತಾರೆ. ಕೆಟ್ಟ ಸುದ್ದಿಯನ್ನು ಹೇಗೆ ಹೇಳ್ತೀಯ ಅನ್ನೋದಕ್ಕೂ ಅಲ್ಲಿ ಅಂಕ ಇದೆ. ಪಾಸಾದರೆ ಸಾಕು, ಎಷ್ಟರಲ್ಲಿ ಪಾಸಾದೆ ಅಂತ ನೋಂದಣಿಗೆ ಬೇಕಿಲ್ಲ.

ಇಲ್ಲಿಯವರೇ ಆದ ಹುಡುಗ ಹುಡುಗಿಯರ ಕತೆ ಇನ್ನೂ ವಿಚಿತ್ರ. ಮೆಡಿಕಲ್ ಮುಗಿಸಿದವರು ದೇಶಕ್ಕೆಲ್ಲ ಒಂದೇ ದಿನ ಕೆಲಸಕ್ಕೆ ಸೇರುತ್ತಾರೆ, ಆಗಸ್ಟಿನ ಮೊದಲ ಬುಧವಾರ. ಎಫ್‌ಒನ್ ಅಂತ ಹೆಸರು, ನಮ್ಮ ಹೌಸ್ ಸರ್ಜನ್ ಇದ್ದ ಹಾಗೆ. ಯಾವ ಊರಿಗೆ ಯಾರು ಅನ್ನೋದನ್ನು ಮೊದಲು ನೂರು ಅಂಕದ ಲೆಕ್ಕದಲ್ಲಿ ತೀರ್ಮಾನಿಸುತ್ತಿದ್ದರು. ಅರ್ಧ ಒಂದು ಪರೀಕ್ಷೆಗೆ: ಇಂಥ ಪೇಚಿನಲ್ಲಿ ನೀನು ಏನು ಮಾಡ್ತೀಯ ಅನ್ನೋ ಥರದ ಪ್ರಶ್ನೆಗಳು. ಇನ್ನರ್ಧ ಹೆಚ್ಚುಕಮ್ಮಿ ಕಾಲೇಜಿನ ಮಾರ್ಕ್ಸ್‌ಗೆ. ತರಗತಿಯನ್ನು ಹತ್ತು ಭಾಗ ಮಾಡಿ, ಮೇಲಿನ ಭಾಗದವರಿಗೆ 43, ಕೊನೇ ಭಾಗದವರಿಗೆ 34 ಕೊಡುತ್ತಿದ್ದರು. ಒಂದು ಕಾಲೇಜಿನ ಮೇಲಿನ ಭಾಗಕ್ಕೂ ಇನ್ನೊಂದು ಕಾಲೇಜಿನ ಮೇಲಿನ ಭಾಗಕ್ಕೂ ಹೋಲಿಕೆಯೇ ಸರಿಯಲ್ಲ ಅನ್ನೋ ದೂರು ಇತ್ತು. 2024ರಲ್ಲಿ ಸೇರಿದವರಿಂದ ಆ ಪರೀಕ್ಷೆ, ಕಾಲೇಜಿನ ಮಾರ್ಕ್ಸ್ ಎರಡನ್ನೂ ಲೆಕ್ಕದಿಂದ ತೆಗೆದುಹಾಕಿದರು. ಈಗ ಕಂಪ್ಯೂಟರ್ ಒಬ್ಬೊಬ್ಬರಿಗೂ ತನಗೆ ತೋಚಿದ ನಂಬರ್ ಕೊಡುತ್ತದೆ. ಚೀಟಿ ಎತ್ತಿದ ಹಾಗೆ.

ಇದನ್ನು ಕೇಳಿ ನನಗೆ ಖುಷಿಯಾಯಿತು. ಫೇಲಾದವರಿಗೆ ಮಾತ್ರ ಆಗುವ ಖುಷಿ ಅದು. ಜಾಸ್ತಿ ದಿನ ಉಳಿಯಲಿಲ್ಲ.

ಒಂದು ರಾತ್ರಿ ಡ್ಯೂಟಿಯಲ್ಲಿ ನನ್ನ ಜೊತೆ ಒಬ್ಬಳು ಎಫ್‌ಒನ್ ಇದ್ದಳು. ಲಂಡನ್ ಹುಡುಗಿ. ಕ್ಲಾಸಿನಲ್ಲಿ ಮೇಲಿನ ಭಾಗದವಳು. ಅಪ್ಪ ಅಮ್ಮ, ಮದುವೆಯಾಗಬೇಕಿದ್ದ ಹುಡುಗ ಎಲ್ಲ ಲಂಡನ್ನಿನಲ್ಲಿ. ಕಂಪ್ಯೂಟರ್ ಕೊಟ್ಟ ನಂಬರ್ ಕೆಳಗಿತ್ತು, ಇವಳು ಇಲ್ಲಿಗೆ, ಯಾರ್ಕ್‌ಷೈರ್‌ಗೆ ಬಂದಳು. ಮೂರು ಗಂಟೆ ರಾತ್ರಿ ಚಹಾ ಕುಡಿಯುತ್ತಾ, "ಹಾಗಾದರೆ ಐದು ವರ್ಷ ಅಷ್ಟೊಂದು ಯಾಕೆ ಓದಿದೆ ನಾನು?" ಅಂದಳು. ನನಗೆ ಏನೂ ಹೊಳೆಯಲಿಲ್ಲ. ಲಾಟರಿಯಲ್ಲಿ ಎಲ್ಲರೂ ಸಮ, ಬಡವರ ಮಕ್ಕಳಿಗೆ ಅದೇ ನ್ಯಾಯ ಅನ್ನೋರು ಇಲ್ಲಿ ಇದ್ದಾರೆ. ನಾನು ಒಪ್ಪಲ್ಲ. ವೈವಾ ನನ್ನನ್ನು ಬೀಳಿಸಿದ್ದು ನಿಜ. ಆದರೆ ಗುಳೇದಗುಡ್ಡದ ಮಗ್ಗದ ಕುಣಿಯಿಂದ ನನ್ನನ್ನು ಮೇಲೆ ಎತ್ತಿದ್ದೂ ಒಂದು ಪರೀಕ್ಷೆಯೇ ಅಲ್ವಾ? ಚೀಟಿ ಎತ್ತಿದ್ದರೆ ನನ್ನ ಹೆಸರು ಬರುತ್ತಿತ್ತು ಅಂತ ನನಗೆ ನಂಬಿಕೆ ಇಲ್ಲ.

ಅಷ್ಟರಲ್ಲಿ ಫೋನ್ ಬಂತು. ಎಳೇ ಹುಡುಗ, ಶ್ವಾಸಕೋಶದ ಸುತ್ತ ಗಾಳಿ ತುಂಬಿ ಏದುಸಿರು. ಎದೆಗೆ ನಳಿಕೆ ಹಾಕಬೇಕು. "ಎಲ್ಲಿ ಚುಚ್ಚಬೇಕು, ತೋರಿಸು" ಅಂದೆ. ಅವಳು ಬೆರಳಲ್ಲಿ ಗೆರೆ ಎಳೆದಳು. ಮುಂದೆ ಎದೆಯ ದೊಡ್ಡ ಸ್ನಾಯುವಿನ ಅಂಚು, ಹಿಂದೆ ಬೆನ್ನಿನ ಸ್ನಾಯುವಿನ ಅಂಚು, ಕೆಳಗೆ ಮೊಲೆತೊಟ್ಟಿನ ಮಟ್ಟ, ಮೇಲೆ ಕಂಕುಳು. ಅದರೊಳಗಿನ ಜಾಗ. "ಪಕ್ಕೆಲುಬಿನ ಮೇಲಂಚಿಗೋ ಕೆಳಂಚಿಗೋ?" ಕೇಳಿ ಮುಗಿಸುವ ಮುಂಚೆಯೇ "ಮೇಲಂಚಿಗೆ" ಅಂದಳು. ಕೆಳಂಚಿನ ತೋಡಿನಲ್ಲಿ ರಕ್ತನಾಳ, ನರ ಹೋಗುತ್ತವೆ, ತಗುಲಿದರೆ ಕತೆ ಮುಗಿಯಿತು. ಅವಳ ಕೈ ನಡುಗಲಿಲ್ಲ. ನನ್ನ ಕಣ್ಣು ಅವಳ ಕೈ ಮೇಲೆಯೇ ಇತ್ತು.

ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಬೇರೆ ಥರದ ಮಾರ್ಕ್ಸ್ ಶುರುವಾಗುತ್ತದೆ. ಜೊತೆಗೆ ಕೆಲಸ ಮಾಡುವವರೆಲ್ಲ ನಮ್ಮ ಬಗ್ಗೆ ಬರೆಯುತ್ತಾರೆ. ದೊಡ್ಡ ಡಾಕ್ಟರು ಮಾತ್ರ ಅಲ್ಲ, ನರ್ಸ್, ಫಾರ್ಮಸಿಸ್ಟ್, ವಾರ್ಡಿನ ಗುಮಾಸ್ತೆ ಕೂಡ. ಬರೆದವರ ಹೆಸರು ನಮಗೆ ಕಾಣಲ್ಲ. ನನ್ನ ಮೊದಲ ವರ್ಷದ ವರದಿಯಲ್ಲಿ ಒಬ್ಬರು ಬರೆದಿದ್ದರು: ಒಳ್ಳೆಯವಳು, ಕರೆದರೆ ಬೇಗ ಬರುತ್ತಾಳೆ, ಆದರೆ ಫೋನಿನಲ್ಲಿ ಜಗಳ ಆಡಿದ ಹಾಗೆ ಮಾತಾಡುತ್ತಾಳೆ. ನಮ್ಮ ಕಡೆಯ ಸಾಮಾನ್ಯ ದನಿ ಅದು! ವಿಜಯಪುರದ ವಾರ್ಡಿನಲ್ಲಿ ಸಿಸ್ಟರ್‌ಗಳಿಗೂ ಆಯಾಗಳಿಗೂ ನಮ್ಮ ಬಗ್ಗೆ ಬರೆಯುವ ಅವಕಾಶ ಇದ್ದಿದ್ದರೆ ನಮ್ಮ ಬ್ಯಾಚಿನ ಎಷ್ಟು ಜನ ಇಂಟರ್ನ್‌ಶಿಪ್ ಮುಗಿಸುತ್ತಿದ್ದರೋ.

ಪರೀಕ್ಷೆಯೇನೂ ಬಿಟ್ಟಿಲ್ಲ. ಫಿಸಿಶಿಯನ್ ಆಗೋಕೆ ಎಂಆರ್‌ಸಿಪಿಯ ಮೂರು ಹಂತ ದಾಟಬೇಕು, ಕೆಲವು ವಿಭಾಗಗಳಿಗೆ ಬೇರೆ ಪ್ರವೇಶ ಪರೀಕ್ಷೆ. ಈಗಂತೂ ಪ್ಲ್ಯಾಬ್ ಪಾಸಾಗಿ ಬಂದವರಿಗೆ ಕೆಲಸ ಸಿಗೋದೇ ಕಷ್ಟವಾಗಿದೆ. ಊರಿಂದ ಕೇಳುವವರಿಗೆಲ್ಲ ಇದನ್ನು ಮೊದಲೇ ಹೇಳ್ತೀನಿ. ಅಮೆರಿಕದಲ್ಲಿರುವ ಗೆಳತಿಯದು ಇನ್ನೊಂದು ಪಾಡು. ಅಲ್ಲಿ 2022ರ ಜನವರಿ 26ರಿಂದ ಡಾಕ್ಟರ್ ಲೈಸೆನ್ಸಿಗೆ ಬರೆಯುವ ಸ್ಟೆಪ್ ಒನ್ ಪರೀಕ್ಷೆಗೆ ಅಂಕ ಕೊಡೋದು ನಿಲ್ಲಿಸಿದರು, ಬರೀ ಪಾಸು ಫೇಲು. ಮಕ್ಕಳ ಒತ್ತಡ ಇಳಿಯಲಿ ಅಂತ. ಆದರೆ ಅದರ ಮುಂದಿನ ಪರೀಕ್ಷೆ ಸ್ಟೆಪ್ ಟೂನ ಅಂಕ ಉಳಿಯಿತು, ಎಲ್ಲರೂ ಅದರ ಮೇಲೆ ಬಿದ್ದರು. "ಹೊರೆ ಇಳೀಲಿಲ್ಲ, ಹೆಗಲು ಬದಲಾತು" ಅಂತಾಳೆ ಅವಳು.

ನಮ್ಮಲ್ಲೂ ಹಾಗೇ ಅಲ್ವಾ? ಎಂಡಿ ಸೀಟಿನ ರ್‍ಯಾಂಕಿಗೆ ಎಂಬಿಬಿಎಸ್‌ನ ಮಾರ್ಕ್ಸ್ ಕೂಡಿಸಲ್ಲ. ನೀಟ್ ಪಿಜಿಯ 200 ಪ್ರಶ್ನೆ, ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಳೆ. ಚಿನ್ನದ ಪದಕ ಗೋಡೆಯ ಮೇಲೆ ಚೆಂದ ಕಾಣುತ್ತದೆ. ಇದು ಓಣಿಯವರಿಗೆ ಗೊತ್ತಿಲ್ಲ. ಗೊತ್ತಾದರೂ ಅವರು "ಎಷ್ಟ್ ಬಿದ್ದಾವ" ಅನ್ನೋದನ್ನು ಬಿಡುತ್ತಾರಾ?

ಮಾಳಿಗೆ ಹತ್ತಿದೆ. ಹುಡುಗ ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಎಲುಬಿನ ಡಬ್ಬಿ. ಅಕ್ಕನ ಮನೆಯಲ್ಲೂ ಅದಕ್ಕೆ ಮಾಳಿಗೆಯೇ ಗತಿ ಅಂತ ಆಗ ಗೊತ್ತಾಯಿತು.

"ನಾನೂ ಅನಾಟಮಿ ಫೇಲಾಗಿದ್ದೆ ಲೇ" ಅಂದೆ.

ಅವನು ತಿರುಗಿ ನೋಡಿದ. "ಅಜ್ಜಿ ಕಾಮಣಿ ಆಗಿತ್ತು ಅಂತಿದ್ದಳಲ್ಲ ಚಿಗವ್ವಾ?"

ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ಮುಂದ ಇದನ್ನ ಯಾರರ ಕೇಳ್ತಾರೇನು?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ 38ನ್ನು ಲೀಡ್ಸ್‌ನಲ್ಲಿ ಯಾರೂ ಕೇಳಲ್ಲ, ಬೆಂಗಳೂರಲ್ಲೂ ಕೇಳಲ್ಲ. ಆದರೆ ಇಂಟರ್ನಲ್‌ಗಳಲ್ಲಿ ಒಟ್ಟು ಸೇರಿ ಅರ್ಧದಷ್ಟು ಬರದಿದ್ದರೆ ಯೂನಿವರ್ಸಿಟಿ ಪರೀಕ್ಷೆಗೇ ಕೂರಿಸಲ್ಲ. ನಮ್ಮ ಕಾಲದ ಆಡ್ ಬ್ಯಾಚ್ ಈಗ ಇಲ್ಲ. ಸಪ್ಲಿಮೆಂಟರಿಯಲ್ಲೂ ಹೋದರೆ ಜೂನಿಯರ್‌ಗಳ ಜೊತೆ ಕೂರಬೇಕು, ಆರು ತಿಂಗಳಲ್ಲ, ಒಂದು ವರ್ಷ. ಮೊದಲ ವರ್ಷಕ್ಕೆ ಸಿಗೋದು ನಾಲ್ಕೇ ಅವಕಾಶ. ಅಮೆರಿಕದ ಕಡೆ ಮನಸ್ಸಿದ್ದರೆ ಅಲ್ಲಿಗೆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಹೋಗುತ್ತದೆ, ಎಲ್ಲ ಮಾರ್ಕ್ಸಿನ ಪಟ್ಟಿ ಅದು, ಅದನ್ನೂ ನೆನಪಿಡು. "ಏನ್ ಹೆದರಸ್ತೀ ಚಿಗವ್ವಾ" ಅಂದ. ಸಮಾಧಾನ ಮಾಡು ಅಂತ ಕಳಿಸಿದ್ದಳು ಅಕ್ಕ. ನನಗೆ ಅದು ಯಾವತ್ತೂ ಬರಲ್ಲ.

ಅಷ್ಟರಲ್ಲಿ ಜಾತ್ರೆಯಲ್ಲಿ ಮದ್ದು ಸುಡೋಕೆ ಶುರು ಮಾಡಿದರು. ಆಕಾಶ ಒಮ್ಮೆ ಕೆಂಪು, ಒಮ್ಮೆ ಹಸಿರು. ಅವನು ಡಬ್ಬಿಗೆ ಕೈಹಾಕಿ ಒಂದು ಎಲುಬು ತೆಗೆದು ನನ್ನ ಕೈಗಿಟ್ಟ. "ಹೇಳು ನೋಡೋಣು, ಇದು ಯಾವ ಸೈಡ್?"

ಕ್ಲಾವಿಕಲ್. ತಿರುಗಿಸಿದೆ. ಮತ್ತೆ ತಿರುಗಿಸಿದೆ. ಬೆಳಕು ಸಾಲದು ಅಂದೆ. ಅವನು ಮೊಬೈಲ್ ಟಾರ್ಚ್ ಹಾಕಿದ. ತೋಡು ಇರುವ ಮೈಯನ್ನು ಹೆಬ್ಬೆರಳಲ್ಲಿ ಹುಡುಕಿ, ಎಲುಬನ್ನು ನನ್ನದೇ ಕುತ್ತಿಗೆಯ ಕೆಳಗೆ ಹಿಡಿದು ನೋಡುತ್ತಿದ್ದೆ. ಮೆಟ್ಟಿಲ ಮೇಲಿಂದ ಅಕ್ಕನ ದನಿ ಬಂತು.

"ಹಬ್ಬದ ದಿನ ಎಲುಬು ಹಿಡಕೊಂಡು ಕುಂತೀರೇನು ಇಬ್ಬರೂ? ಕೈ ತೊಳಕೊಂಡು ಕೆಳಗ ಬರ್ರಿ, ರೊಟ್ಟಿ ಆರಾಕತ್ತಾವು!"